ಪಂಪು ಸಂಖ್ಯೆ ಏಳರ ಅನಧಿಕೃತ ಶಬ್ದ

೧೯೯೭ನೇ ಇಸವಿ ಫೆಬ್ರವರಿ ಹನ್ನೊಂದನೇ ತಾರೀಕು ಮಂಗಳವಾರ ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಕೃಷ್ಣರಾಜಪುರದ ಆಚೆಗಿರುವ ಶೈತ್ಯಕ ಪಂಪು ಪರೀಕ್ಷಾ ಕೇಂದ್ರದಲ್ಲಿ ಪಂಪು ಸಂಖ್ಯೆ ಏಳು ಒಂದು ಶಬ್ದ ಮಾಡಿತು. ಹಾಗೆ ಶಬ್ದ ಮಾಡಲು ಅದಕ್ಕೆ ಯಾರೂ ಅನುಮತಿ ಕೊಟ್ಟಿರಲಿಲ್ಲ.

ಕೇಂದ್ರದ ಕೆಲಸ ಸರಳವಾದದ್ದು. ಅಣು ಸ್ಥಾವರದ ಹೊಟ್ಟೆಯಲ್ಲಿ ಹುಟ್ಟುವ ಕಾವನ್ನು ನೀರು ಹೊತ್ತೊಯ್ಯಬೇಕು. ಆ ನೀರನ್ನು ಎಡೆಬಿಡದೆ ತಳ್ಳುವ ಯಂತ್ರವೇ ಶೈತ್ಯಕ ಪಂಪು. ಅದು ನಿಂತರೆ ಏನಾಗುತ್ತದೆ ಎಂಬ ಬಗ್ಗೆ ಕೇಂದ್ರದಲ್ಲಿ ನಾಲ್ಕು ಸಂಪುಟಗಳ ವರದಿ ಇದ್ದು, ಅದು ಗೋಪ್ಯವಾದ್ದರಿಂದ ಯಾರೂ ಓದಿರಲಿಲ್ಲ. ಸ್ಥಾವರಕ್ಕೆ ಕಳಿಸುವ ಮೊದಲು ಪ್ರತಿಯೊಂದು ಪಂಪನ್ನೂ ಇಲ್ಲಿ ಐನೂರು ಗಂಟೆ ಓಡಿಸಿ, ಸರಿಯಿದೆ ಎಂದು ಪ್ರಮಾಣಪತ್ರ ಕೊಡಲಾಗುತ್ತಿತ್ತು. ಏಳನೆಯದು ಅಂದು ಮುನ್ನೂರ ಹನ್ನೆರಡನೇ ಗಂಟೆಯಲ್ಲಿತ್ತು.

ಶಬ್ದವನ್ನು ಕೇಳಿದವನು ಟೆಕ್ನಿಷಿಯನ್ ರಾಮಾಂಜಿನಪ್ಪ. ಪಂಪಿನ ಶೆಡ್ಡು ನಿಂತಿರುವ ಜಾಗ ಒಂದು ಕಾಲಕ್ಕೆ ಅವನ ಅಪ್ಪನ ದ್ರಾಕ್ಷಿ ತೋಟ. ಜಮೀನು ಸರ್ಕಾರಕ್ಕೆ ಹೋದಾಗ ಮನೆಗೊಬ್ಬರಿಗೆ ಕೆಲಸ ಅಂತ ಕೊಟ್ಟಿದ್ದು ಇದೊಂದೇ. ಹುಡುಗನಾಗಿದ್ದಾಗಿನಿಂದ ಬಾವಿಗೆ ಪಂಪ್‌ಸೆಟ್ ಇಳಿಸಿ, ಬಿಚ್ಚಿ, ಕಟ್ಟಿ ಪಳಗಿದ ಕೈ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಿದನೆಂದರೆ ಒಳಗೆ ಏನು ಕೆಟ್ಟಿದೆ ಎಂದು ವೈದ್ಯನ ಹಾಗೆ ಹೇಳಿಬಿಡುತ್ತಿದ್ದ. ಅಂದೂ ಹಾಗೇ ಮಾಡಿದ. ನೇರವಾಗಿ ನಿರ್ದೇಶಕ ಡಾಕ್ಟರ್ ಜಗದೀಶ್ ಅವರ ಕೋಣೆಗೆ ಹೋದ.

"ಸಾರ್, ಏಳನೇ ಪಂಪು ನಿಲ್ಲಿಸ್ಬೇಕು. ಕೆಳಗಿನ ಬೇರಿಂಗ್ ತಿಂದೋಗೈತೆ. ತಿರುಗೋ ಶಾಫ್ಟು ಅದಕ್ಕೆ ಉಜ್ತಾ ಐತೆ."

"ಹೇಗೆ ಗೊತ್ತಾಯ್ತು ನಿಮಗೆ?"

"ಶಬ್ದ ಬತ್ತೈತೆ ಸಾರ್."

"ಶಬ್ದ ಕೇಳಿದಾಗ ಶ್ರವಣ ರಕ್ಷಾ ಕವಚ ಹಾಕಿದ್ರಾ?"

ಕೆಲಸಗಾರರು ಕಿವಿಚಿಪ್ಪು ಎಂದು ಕರೆಯುವ, ಎರಡೂ ಕಿವಿ ಮುಚ್ಚುವ ದಪ್ಪ ಸಾಧನದ ಅಧಿಕೃತ ಹೆಸರು ಅದು.

"ಅದನ್ನ ಹಾಕ್ಕೊಂಡ್ರೆ ಹೆಂಗ್ ಸಾರ್ ಕೇಳ್ಸುತ್ತೆ?"

"ಅಂದ್ರೆ ಹಾಕಿರಲಿಲ್ಲ," ಎಂದು ನಿರ್ದೇಶಕರು ಬರೆದುಕೊಂಡರು.

ಸುರಕ್ಷತಾ ನಿಯಮ ಹದಿನಾಲ್ಕರ ಪ್ರಕಾರ ಶೆಡ್ಡಿನೊಳಗೆ ಕವಚವಿಲ್ಲದೆ ಇರುವುದು ಅಪರಾಧ. ಕವಚ ಹಾಕಿದವರಿಗೆ ಏನೂ ಕೇಳುವುದಿಲ್ಲ. ಹೀಗಾಗಿ ಕೇಂದ್ರದಲ್ಲಿ ಶಬ್ದ ಕೇಳಿದವರೆಲ್ಲರೂ ತಪ್ಪಿತಸ್ಥರು, ತಪ್ಪಿತಸ್ಥರ ಹೇಳಿಕೆಗೆ ಬೆಲೆಯಿಲ್ಲ. ನಿರ್ದೇಶಕರು ನ್ಯಾಯವಾಗಿ ನಡೆಯುವವರಾದ್ದರಿಂದ ತಾವೇ ಕವಚ ಧರಿಸಿ ಶೆಡ್ಡಿನಲ್ಲಿ ಹತ್ತು ನಿಮಿಷ ನಿಂತು, ತಮಗೆ ಯಾವ ಶಬ್ದವೂ ಕೇಳಿಸಲಿಲ್ಲವೆಂದು ಷರಾ ಬರೆದರು. ಕಂಪನ ಅಳೆಯುವ ಉಪಕರಣವೊಂದು ಇತ್ತು. ತಾಳೆ ನೋಡಿಸಲು ೧೯೯೪ರಲ್ಲಿ ಹೊರಗೆ ಕಳಿಸಿದ್ದು ಇನ್ನೂ ಬಂದಿರಲಿಲ್ಲ. ಟೇಪ್ ರೆಕಾರ್ಡರ್ ತರೋಣವೆಂದರೆ ಅಣು ಸಂಬಂಧಿತ ಆವರಣದೊಳಗೆ ಅದಕ್ಕೆ ನಿಷೇಧ.

ಸಂಜೆಯೊಳಗೆ ರಾಮಾಂಜಿನಪ್ಪನ ಕೈಗೆ ಆಪಾದನಾ ಪತ್ರ ಬಂತು. ತಂದುಕೊಟ್ಟವರು ಆಡಳಿತ ವಿಭಾಗದ ಸೂಪರಿಂಟೆಂಡೆಂಟ್ ಫಹ್ಮಿದಾ ಮೇಡಂ. ಶಿವಾಜಿನಗರದಿಂದ ಎರಡು ಬಸ್ ಬದಲಾಯಿಸಿ ಬಂದರೂ ಇಪ್ಪತ್ತೆರಡು ವರ್ಷಗಳಲ್ಲಿ ಒಂದು ದಿನವೂ ತಡಮಾಡದ ಹೆಂಗಸು.

"ಸೈನ್ ಹಾಕಿ ರಾಮಾಂಜಿನಪ್ಪನೋರೆ. ಎರಡು ಕಾಪಿ."

"ನೀವಾದ್ರೂ ಹೇಳಿ ಮೇಡಂ. ನಿಮ್ಮ ಸೀಟ್ ಗಂಟ ಕೇಳ್ಸಲ್ವಾ ಅದು?"

"ಅರೆ, ಯಾಕೆ ಕೇಳ್ಸಲ್ಲ? ಟೀ ಲೋಟ ಅಲ್ಲಾಡುತ್ತೆ. ಆದ್ರೆ ನಾನು ಅಡ್ಮಿನಿಸ್ಟ್ರೇಷನ್. ಟೆಕ್ನಿಕಲ್ ಶಬ್ದ ಕೇಳೋ ಪವರ್ ನನಗಿಲ್ಲ."

ಆದರೂ ದೂರು ದೂರೇ. ಆವಕ ಪುಸ್ತಕದಲ್ಲಿ ಅದಕ್ಕೆ ನಂಬರು ಬಿದ್ದಿತ್ತು. ನಂಬರು ಬಿದ್ದದ್ದನ್ನು ಸಮಿತಿಯಿಲ್ಲದೆ ಅಳಿಸುವಂತಿಲ್ಲ. ಮಾರನೇ ವಾರ ಸೂಚನಾ ಫಲಕದ ಮೇಲೆ ಸುತ್ತೋಲೆ ಬಂತು:

"ಪಂಪು ಸಂಖ್ಯೆ ಏಳರಿಂದ ಹೊರಟಿದೆಯೆನ್ನಲಾದ ಶಬ್ದದ ಬಗ್ಗೆ ವಿಚಾರಿಸಲು ಅಸಹಜ ಶಬ್ದ ಪರಿಶೀಲನಾ ಸಮಿತಿಯನ್ನು ರಚಿಸಲಾಗಿದೆ. ಸಮಿತಿಯು ವರದಿ ಸಲ್ಲಿಸುವವರೆಗೆ ಪಂಪನ್ನು ನಿಲ್ಲಿಸುವುದು ಸಾಕ್ಷ್ಯನಾಶವೆಂದು ಪರಿಗಣಿಸಲ್ಪಡುತ್ತದೆ. ಸಿಬ್ಬಂದಿಯು ಈ ಅವಧಿಯಲ್ಲಿ ಶಬ್ದವನ್ನು ಕೇಳಿಸಿಕೊಂಡು ಸಮಿತಿಯ ಮೇಲೆ ಪ್ರಭಾವ ಬೀರತಕ್ಕದ್ದಲ್ಲ."

ಸಮಿತಿಯ ಅಧ್ಯಕ್ಷರು ನಿವೃತ್ತ ಮುಖ್ಯ ಎಂಜಿನಿಯರ್ ವೆಂಕಟಸ್ವಾಮಿಯವರು. ಇನ್ನಿಬ್ಬರು ಸದಸ್ಯರೂ ನಿವೃತ್ತರೇ. ಅವರಿಗೆ ಬಿಸಿಲು ಆಗದ ಕಾರಣ ಸಭೆಗಳು ಇಂದಿರಾನಗರದ ಅತಿಥಿಗೃಹದಲ್ಲಿ ನಡೆದವು. ಪಂಪನ್ನು ಅಲ್ಲಿಗೆ ತರಲಾಗದ್ದರಿಂದ ರಾಮಾಂಜಿನಪ್ಪನನ್ನು ತರಲಾಯಿತು. ಊಟಕ್ಕೆ ಶಿವಾಜಿನಗರದ ಬಿರಿಯಾನಿ ಬರುತ್ತಿತ್ತು. ಡಬ್ಬಿಯ ಮುಚ್ಚಳ ತೆಗೆಯುವವರೆಗೆ ವಿಚಾರಣೆ, ಮುಚ್ಚಿದ ಮೇಲೆ ನಿದ್ದೆ.

ಮೊದಲನೇ ಸಭೆಯಲ್ಲಿ ಅಧ್ಯಕ್ಷರು ಕೇಳಿದರು: "ಶಬ್ದ ಹೇಗಿತ್ತು?"

"ಉಜ್ಜೋ ಶಬ್ದ ಸಾರ್. ಒಳಗಡೆ ಕಬ್ಬಿಣ ಕಬ್ಬಿಣ ತಾಕಿದಂಗೆ."

"ಅದು ನಿಮ್ಮ ಅಭಿಪ್ರಾಯ. ನಮಗೆ ಶಬ್ದ ಬೇಕು. ಮಾಡಿ ತೋರಿಸಿ."

ರಾಮಾಂಜಿನಪ್ಪ ಸುತ್ತ ನೋಡಿದ. ಯಾರೂ ನಗಲಿಲ್ಲ. ಐವತ್ತೆರಡರ ಗಂಡಸು ಗಂಟಲು ಸರಿಮಾಡಿಕೊಂಡು, "ಗರ್ರ್... ಟಕ್. ಗರ್ರ್... ಟಕ್," ಎಂದ.

ಬೆರಳಚ್ಚುಗಾರ್ತಿ ಹಂಸ ಕೈ ನಿಲ್ಲಿಸಿದಳು. "ಸರ್, ಗರ್ರ್‌ನಲ್ಲಿ ಎಷ್ಟು ರ ಹಾಕ್ಲಿ?"

ಅದರ ಮೇಲೆ ಚರ್ಚೆಯಾಯಿತು. ಒಬ್ಬ ಸದಸ್ಯರು ಎರಡು ಸಾಕೆಂದರು. ಇನ್ನೊಬ್ಬರು, ಮೂರಕ್ಕಿಂತ ಕಡಿಮೆ ಹಾಕಿದರೆ ವಿಷಯದ ಗಾಂಭೀರ್ಯ ಹೋಗುತ್ತದೆಂದರು. ಸಾಕ್ಷಿಯು ಇನ್ನೊಮ್ಮೆ ಶಬ್ದ ಮಾಡಬೇಕೆಂದು ತೀರ್ಮಾನವಾಯಿತು. ರಾಮಾಂಜಿನಪ್ಪ ಮಾಡಿದ. ಮೊದಲಿನದಕ್ಕಿಂತ ಇದು ಕೊಂಚ ಉದ್ದವಿದೆ, ಹೇಳಿಕೆಯಲ್ಲಿ ವಿರೋಧಾಭಾಸವಿದೆ ಎಂದು ದಾಖಲಾಯಿತು.

ಹೀಗೆ ಹನ್ನೊಂದು ಸಭೆಗಳಾದವು. ಫೆಬ್ರವರಿಯಿಂದ ಜೂನ್‌ವರೆಗೆ ರಾಮಾಂಜಿನಪ್ಪ ಅತಿಥಿಗೃಹದಲ್ಲಿ ಒಟ್ಟು ಇನ್ನೂರ ಆರು ಸಲ ಶಬ್ದ ಮಾಡಿದ. ನಿಂತು ಮಾಡಿದ, ಕುಳಿತು ಮಾಡಿದ, ಬಾಗಿಲ ಹೊರಗೆ ಹೋಗಿ ದೂರದಿಂದ ಮಾಡಿದ. ಅತ್ತ ಪಂಪು ಸಾಕ್ಷ್ಯವೆಂಬ ಗೌರವದಲ್ಲಿ ಹಗಲೂ ರಾತ್ರಿ ಓಡುತ್ತ ತನ್ನ ಬೇರಿಂಗನ್ನು ತಾನೇ ಅರೆದು ಕುಡಿಯುತ್ತಿತ್ತು. ಅವನ ಗಂಟಲೂ ಒಡೆಯಿತು.

ಮನೆಯಲ್ಲಿ ಹೆಂಡತಿ ಗೋವಿಂದಮ್ಮ ಬಿಸಿನೀರಿಗೆ ಉಪ್ಪು ಹಾಕಿ ಕೊಡುತ್ತ ಬೈದಳು. "ಅವ್ರ ಪಂಪು, ಅವ್ರ ಸ್ಥಾವರ. ಕೆಟ್ಟೋದ್ರೆ ಕೆಟ್ಟೋಗ್ಲಿ. ನೀನ್ಯಾಕೆ ಕಿರಚ್ತೀಯ?"

"ಬಾವಿ ಪಂಪು ಸುಟ್ಟೋದ್ರೆ ತೋಟ ಒಣಗ್ತಿತ್ತು ಕಣೆ, ಅಷ್ಟೇ. ಇದು ನಿಂತ್ರೆ ಒಣಗಾದು ತೋಟ ಅಲ್ಲ. ಸ್ಥಾವರದ ಸುತ್ತ ಊರುಗಳವೆ. ನಮ್ಮಂಗೇ ಜಮೀನು ಬಿಟ್ಟುಕೊಟ್ಟೋರು ಅಲ್ಲೇ ಪಕ್ಕದಲ್ಲಿ ಮನೆ ಕಟ್ಕೊಂಡಿರ್ತಾರೆ."

ಗೋವಿಂದಮ್ಮ ಇನ್ನೊಂದು ಲೋಟ ಬಿಸಿನೀರು ತಂದಿಟ್ಟಳು. ಆ ರಾತ್ರಿ ಅವನು, ಏನೇ ಆಗಲಿ ತನ್ನ ಮಾತು ಬಿಡುವುದಿಲ್ಲ ಎಂದು ನಿಶ್ಚಯಿಸಿಕೊಂಡ. ಆ ನಿಶ್ಚಯ ಒಂಬತ್ತು ದಿನ ಬಾಳಿತು.

ಜೂನ್ ಕೊನೆಯಲ್ಲಿ ಸಮಿತಿಯ ವರದಿ ಬಂತು. ಮುನ್ನೂರು ಪುಟ. ಸಾರಾಂಶ ಒಂದೇ ವಾಕ್ಯ: "ಹನ್ನೊಂದು ಸಭೆಗಳಲ್ಲಿಯೂ ಪ್ರಶ್ನಿತ ಶಬ್ದವು ಟೆಕ್ನಿಷಿಯನ್ ರಾಮಾಂಜಿನಪ್ಪ ಎಂಬವರಿಂದಲೇ ಹೊರಟದ್ದನ್ನು ಎಲ್ಲ ಸದಸ್ಯರೂ ಪ್ರತ್ಯಕ್ಷ ಕೇಳಿರುತ್ತಾರೆ, ಪಂಪಿನಿಂದ ಹೊರಟದ್ದನ್ನು ಯಾವ ಸದಸ್ಯರೂ ಕೇಳಿರುವುದಿಲ್ಲ." ಆದಕಾರಣ ಪಂಪು ನಿರ್ದೋಷಿ. ರಾಮಾಂಜಿನಪ್ಪನನ್ನು ಸೂಕ್ತ ದುರಸ್ತಿಗೆ ಒಳಪಡಿಸಬೇಕು.

ಫಹ್ಮಿದಾ ಮೇಡಂ ಅವನನ್ನು ಕರೆದು ಕೂರಿಸಿದರು. ಮೇಜಿನ ಮೇಲೆ ಬೆರಳಚ್ಚು ಮಾಡಿದ ಒಂದು ಹಾಳೆ.

"ಶಬ್ದ ನಿಮ್ಮದೇ ಅಂತ ಇದೆ ಇದ್ರಲ್ಲಿ. ಸೈನ್ ಮಾಡಿದ್ರೆ ಚಾರ್ಜ್ ಕ್ಲೋಸ್. ಇಲ್ದಿದ್ರೆ ಡಿಸ್‌ಮಿಸ್, ಪೆನ್ಷನ್ ಇಲ್ಲ."

"ನಿಜ ಅಲ್ವಲ್ಲ ಮೇಡಂ ಇದು."

"ನಿಜಕ್ಕೆ ಫೈಲ್ ಓಪನ್ ಆಗಿಲ್ಲ ರಾಮಾಂಜಿನಪ್ಪನೋರೆ, ಶಬ್ದಕ್ಕೆ ಮಾತ್ರ ಆಗಿದೆ." ಅವರು ದನಿ ತಗ್ಗಿಸಿದರು. "ಆರು ವರ್ಷ ಸರ್ವೀಸ್ ಉಳಿದಿದೆ ನಿಮಗೆ. ನನಗೆ ನಾಲ್ಕು. ಹಾಕ್ಬಿಡಿ."

ಅವನು ಲೆಕ್ಕ ಹಾಕಿದ. ಜಮೀನಿಲ್ಲ. ಬೇರೆ ಕೆಲಸ ಸಿಗುವ ವಯಸ್ಸಲ್ಲ. ಗೋಡೆಯಾಚೆಯಿಂದ ಗರ್ರ್ ಟಕ್ ಬರುತ್ತಲೇ ಇತ್ತು, ಲೋಟದಲ್ಲಿನ ಟೀ ಅಲುಗುತ್ತಲೇ ಇತ್ತು. ಸಹಿ ಹಾಕಿದ. ಹಾಕುವಾಗ ಅವನಿಗೆ ತನ್ನ ಮೇಲೆ ಬಂದಷ್ಟು ಅಸಹ್ಯ ನಿರ್ದೇಶಕರ ಮೇಲೂ ಬರಲಿಲ್ಲ.

ಮೂರನೇ ದಿನ ಮಧ್ಯಾಹ್ನ ಪಂಪು ಒಂದು ಸಲ ಚೀರಿ, ಸುಟ್ಟ ವಾಸನೆ ಬಿಟ್ಟು ನಿಂತುಬಿಟ್ಟಿತು. ಶಾಫ್ಟು ಬೇರಿಂಗಿಗೆ ಕಚ್ಚಿಕೊಂಡು ಎರಡೂ ಒಂದೇ ಲೋಹವಾಗಿದ್ದವು. ನಾಲ್ಕು ಜನ ಸರಳು ಹಾಕಿ ಮೀಟಿದರೂ ಕದಲಲಿಲ್ಲ.

ನಿರ್ದೇಶಕರು ಬಂದರು. ಮೊದಲ ಬಾರಿಗೆ ಕವಚ ತೆಗೆದು, ಪಂಪಿನ ಮೈಗೆ ಕಿವಿಯಿಟ್ಟು ಆಲಿಸಿದರು. ಮುಖ ಅರಳಿತು.

"ಏನೂ ಕೇಳಿಸ್ತಿಲ್ಲ!"

"ಸಾರ್, ಅದು ಜಾಮ್ ಆಗೈತೆ," ಎಂದ ರಾಮಾಂಜಿನಪ್ಪ.

"ನಿಮ್ಮ ಶಬ್ದದ ಪ್ರಕರಣ ಮುಗಿದಿದೆ," ಎಂದು ನಿರ್ದೇಶಕರು ಗಂಭೀರವಾಗಿ ನೆನಪಿಸಿದರು.

ಸಮಿತಿಯ ಕ್ರಮದಿಂದಾಗಿ ಶಬ್ದವು ಸಂಪೂರ್ಣವಾಗಿ ನಿವಾರಣೆಯಾಗಿದೆಯೆಂದು ಮೇಲಿನ ಕಚೇರಿಗೆ ತಂತಿ ಹೋಯಿತು. ಪಂಪು ಸಂಖ್ಯೆ ಏಳಕ್ಕೆ ಬಣ್ಣ ಬಳಿದು, ಈವರೆಗಿನ ಅತ್ಯಂತ ನಿಶ್ಶಬ್ದ ಪಂಪು ಎಂಬ ಪ್ರಮಾಣಪತ್ರದೊಂದಿಗೆ, ಹೂವಿನ ಹಾರ ಹಾಕಿ ಲಾರಿ ಹತ್ತಿಸಿದರು. ಸ್ಥಾವರದವರು ಅದನ್ನು ತಿರುಗಿಸಿ ನೋಡಿ, ತಿರುಗದ ಕಾರಣ, ತುರ್ತು ಪರಿಸ್ಥಿತಿಗೆಂದು ಕಾದಿರಿಸುವ ಪಂಪಿನ ಜಾಗದಲ್ಲಿ ಕೂರಿಸಿದರು. ಕಾದಿರಿಸಿದ ಪಂಪು ಸಾಮಾನ್ಯ ದಿನಗಳಲ್ಲಿ ತಿರುಗತಕ್ಕದ್ದಲ್ಲ ಎಂಬುದು ಅವರ ನಿಯಮ. ಆ ನಿಯಮವನ್ನು ಇಷ್ಟು ಕಟ್ಟುನಿಟ್ಟಾಗಿ ಪಾಲಿಸುವ ಪಂಪು ಇನ್ನೊಂದಿಲ್ಲವೆಂದು ಮೆಚ್ಚುಗೆಯ ಪತ್ರ ಬರೆದರು.

ಅಂದಿನಿಂದ ಕೇಂದ್ರದ ಪರೀಕ್ಷಾ ವಿಧಾನವನ್ನೇ ಪರಿಷ್ಕರಿಸಲಾಯಿತು. ಪಂಪನ್ನು ಓಡಿಸುವುದರಿಂದಲೇ ಶಬ್ದ ಹುಟ್ಟುತ್ತದೆಯೆಂಬುದು ಅನುಭವದಿಂದ ಗೊತ್ತಾಗಿರುವ ಕಾರಣ, ಇನ್ನು ಮುಂದೆ ಪ್ರತಿ ಪಂಪನ್ನೂ ಐನೂರು ಗಂಟೆ ಓಡಿಸದೆ ಪರೀಕ್ಷಿಸತಕ್ಕದ್ದು. ಎಂಟು, ಒಂಬತ್ತು, ಹತ್ತನೆಯ ಪಂಪುಗಳು ಒಂದೇ ಒಂದು ದೋಷವಿಲ್ಲದೆ ತೇರ್ಗಡೆಯಾದವು. ವೆಂಕಟಸ್ವಾಮಿಯವರು ಶಾಶ್ವತ ಸಲಹೆಗಾರರಾದರು. ಶಬ್ದದ ವಿಷಯದಲ್ಲಿ ಕೇಂದ್ರದಲ್ಲೇ ಅತಿ ಹೆಚ್ಚಿನ ಅನುಭವವುಳ್ಳವನೆಂದು ರಾಮಾಂಜಿನಪ್ಪನಿಗೆ ಬಡ್ತಿ ಕೊಟ್ಟು, ಶಬ್ದ ನಿರೀಕ್ಷಕ ಎಂಬ ಹೊಸ ಹುದ್ದೆಯಲ್ಲಿ ಕೂರಿಸಿದರು. ನಿಂತ ಪಂಪಿನ ಪಕ್ಕ ಸ್ಟೂಲು ಹಾಕಿಕೊಂಡು, ಕಿವಿಚಿಪ್ಪು ಧರಿಸಿ, ಗಂಟೆಗೊಮ್ಮೆ ಪುಸ್ತಕದಲ್ಲಿ "ಶಬ್ದವಿಲ್ಲ" ಎಂದು ಬರೆಯುವುದು ಅವನ ಕೆಲಸ. ಮೊದಮೊದಲು ಬರೆಯುವ ಮುನ್ನ ಪಂಪಿನ ಸ್ವಿಚ್ಚಿನತ್ತ ನೋಡುತ್ತಿದ್ದ. ಆಮೇಲೆ ಅಭ್ಯಾಸವಾಯಿತು.

೨೦೦೧ರಲ್ಲಿ ಪೂಜಿತಾ ಎಂಬ ಕಿರಿಯ ಎಂಜಿನಿಯರ್ ಕೆಲಸಕ್ಕೆ ಸೇರಿದಳು. ಮೊದಲ ದಿನವೇ ಶೆಡ್ಡಿಗೆ ಬಂದು ಹದಿಮೂರನೇ ಪಂಪಿನ ಸುತ್ತ ಎರಡು ಸುತ್ತು ಹಾಕಿ, ಹಿಂದೆ ಬಗ್ಗಿ ನೋಡಿ, ಅವನ ಎದುರು ಬಂದು ನಿಂತಳು. ತುಟಿ ಅಲ್ಲಾಡಿದ್ದು ಕಂಡು ಅವನು ಒಂದು ಕಡೆಯ ಚಿಪ್ಪು ಸರಿಸಿದ.

"ಅಂಕಲ್, ಟೆಸ್ಟ್ ನಡೀತಿದೆ ಅಂತ ಬೋರ್ಡ್ ಹಾಕಿದ್ದೀರ. ಪಂಪ್‌ಗೆ ಕರೆಂಟೇ ಕೊಟ್ಟಿಲ್ವಲ್ಲ?"

ರಾಮಾಂಜಿನಪ್ಪ ಚಿಪ್ಪನ್ನು ಕಿವಿಗೆ ಸರಿಯಾಗಿ ಕೂರಿಸಿಕೊಂಡ. ಗಡಿಯಾರ ನೋಡಿದ. ಪುಸ್ತಕ ಎಳೆದುಕೊಂಡು ದುಂಡಗಿನ ಅಕ್ಷರದಲ್ಲಿ ಬರೆದ: "ಹನ್ನೊಂದು ಗಂಟೆ ನಲವತ್ತು ನಿಮಿಷ. ಅಸಹಜ ಶಬ್ದ. ಮೂಲ: ಕಿರಿಯ ಎಂಜಿನಿಯರ್."