ಫೇಲಾದ ಬೀಚಿಗೆ ಎರಡು ಟಿಕೆಟ್

ಇನ್ನು ಮುಂದೆ ಈ ಮನೆಯವರು ಯಾವ ಭಾನುವಾರ ಯಾವ ಬೀಚಿಗೆ ಹೋಗಬೇಕೆಂಬುದನ್ನು ನಾನೊಬ್ಬನೇ ತೀರ್ಮಾನಿಸುತ್ತೇನೆ! ಹೀಗೆಂದು ನಾನು ಊಟದ ಮೇಜು ಗುದ್ದಿ ಘೋಷಿಸಿದಾಗ ಉಪ್ಪಿನ ಡಬ್ಬಿ ಉರುಳಿಬಿತ್ತು. ಮನೆಯವರು ಅಲುಗಾಡಲಿಲ್ಲ. ಮನೆಯವರು ಎಂದರೆ ಇಬ್ಬರೇ, ನನ್ನ ಹೆಂಡತಿ ಮತ್ತು ನನ್ನ ಅಮ್ಮ. ಹೆಂಡತಿ ಚೆಲ್ಲಿದ ಉಪ್ಪನ್ನು ಬಳಿದು ಡಬ್ಬಿಗೆ ತುಂಬಿದಳು. ಅಮ್ಮ, “ಆಯ್ತು ಕಣಪ್ಪ, ಕೈ ನೋವಾಯ್ತೇನೋ ನೋಡ್ಕೋ” ಎಂದಳು.

ಈ ಅಧಿಕಾರ ನನಗೆ ಸುಮ್ಮನೆ ಬಂದದ್ದಲ್ಲ. ನಾನು ನಗರದ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಅಧಿಕಾರಿ. ಜನ ಚೆಕಿಂಗ್ ಇನ್ಸ್‌ಪೆಕ್ಟರ್ ಎನ್ನುತ್ತಾರೆ. ಹಿಂದಿನಿಂದ ಇನ್ನೇನೋ ಎನ್ನುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಹಿಂದಿನ ಬಾಗಿಲಿಂದ ಒಬ್ಬನೇ ಹತ್ತಿ, ಮುಂದಿನ ಬಾಗಿಲಿಂದ ಅಪರಾಧಿಯ ಸಮೇತ ಇಳಿದವನು ನಾನು. ಸೀಟಿನಲ್ಲಿ ಕಣ್ಣು ಮುಚ್ಚಿದವನದು ನಿಜವಾದ ನಿದ್ದೆಯೋ ಟಿಕೆಟ್ ಇಲ್ಲದವನ ನಿದ್ದೆಯೋ ಎಂದು ಹತ್ತು ಅಡಿ ದೂರದಿಂದ ಹೇಳಬಲ್ಲೆ. ಯಾರನ್ನೂ ನಂಬದಿರುವುದು ನನ್ನ ವೃತ್ತಿಧರ್ಮ. ಸಮವಸ್ತ್ರವನ್ನು ಮೊಳೆಗೆ ನೇತುಹಾಕುವಾಗ ಅದನ್ನೂ ನೇತುಹಾಕಬಾರದೇ ಎಂಬುದು ನನ್ನ ಹೆಂಡತಿಯ ಹಳೆಯ ದೂರು.

ನಮ್ಮದು ಕಡಲ ಬದಿಯ ಊರು. ಬೆಳಿಗ್ಗೆ ಹೋಗಿ ಸಂಜೆ ಮರಳಬಹುದಾದ ಬೀಚುಗಳು ಬಸ್ಸಿನ ದಾರಿಯಲ್ಲೇ ಹನ್ನೊಂದಿವೆ. ದಪ್ಪ ರಟ್ಟಿನ ರಿಜಿಸ್ಟರ್ ತಂದು, ಪುಟಕ್ಕೊಂದು ಬೀಚಿನಂತೆ ಗೆರೆ ಎಳೆದೆ. ಬಸ್ಸಿಳಿದಲ್ಲಿಂದ ನೀರಿಗೆ ಎಷ್ಟು ಹೆಜ್ಜೆ? ನೆರಳೆಷ್ಟು? ಶೌಚಾಲಯದ ಚಿಲಕ ಬೀಳುತ್ತದೆಯೇ? ನಾಯಿಗಳ ನಡತೆ ಹೇಗೆ? ನೂರಕ್ಕೆ ಅರವತ್ತು ಬಂದರೆ ಪಾಸು. ಇಲ್ಲವಾದರೆ ಕೆಂಪು ಶಾಯಿಯಲ್ಲಿ ಫೇಲು!

ಪಾಸಾದವು ನಾಲ್ಕೇ ನಾಲ್ಕು. ಬೆಂಚು, ಮರಗಳ ನೆರಳು, ಕುಡಿಯುವ ನೀರಿನ ನಲ್ಲಿ ಎಲ್ಲ ಇರುವ ದೀಪಸ್ತಂಭದ ಬೀಚು ತೊಂಬತ್ತೊಂದು ಅಂಕ ಪಡೆದು ಪ್ರಥಮ ಸ್ಥಾನಕ್ಕೆ ಬಂತು. ಕಟ್ಟಕಡೆಯದು ಕರಿಮರಳು ಬೀಚು. ನೆರಳಿಲ್ಲ, ಬೆಂಚಿಲ್ಲ, ಶೌಚಾಲಯವಿದೆ ಆದರೆ ಅದಕ್ಕೆ ಬಾಗಿಲಿಲ್ಲ. ‘ಮನುಷ್ಯರು ಹೋಗತಕ್ಕ ಸ್ಥಳವಲ್ಲ’ ಎಂದು ಷರಾ ಬರೆದು ಸಹಿ ಹಾಕಿದೆ.

ಭಾನುವಾರದ ನಮ್ಮ ಪ್ರವಾಸಗಳು ಹೇಗಿದ್ದವೆಂದು ಕೇಳಬೇಕೆ? ಹತ್ತು ನಲವತ್ತಕ್ಕೆ ಇಳಿಯುವುದು. ಹತ್ತು ಐವತ್ತೈದರವರೆಗೆ ಸಮುದ್ರ ನೋಡುವುದು. ಹನ್ನೊಂದರವರೆಗೆ ಕಾಲು ತೋಯಿಸುವುದು. ನಂತರ ತಿಂಡಿ, ನಂತರ ಬಸ್ ನಿಲ್ದಾಣದಲ್ಲಿ ಮುಂಚಿತವಾಗಿ ಹಾಜರಾಗುವುದು.

“ರೀ, ಆ ಅಲೆ ಬರೋಕಾದ್ರೂ ಬಿಡ್ರಿ!” ಎಂದು ಹೆಂಡತಿ ಗೋಗರೆಯುತ್ತಿದ್ದಳು.

“ಅಲೆ ತಡವಾಗಿ ಬಂದ್ರೆ ಅದಕ್ಕೆ ನಾನೇನು ಮಾಡ್ಲಿ? ಬಸ್ಸು ತಡ ಮಾಡಲ್ಲ. ನಡಿ!”

ಅಮ್ಮನನ್ನು ನಾವು ಕರೆದೊಯ್ಯುತ್ತಿರಲಿಲ್ಲ. ಅವಳ ಮಂಡಿಗೆ ಮರಳು ಆಗಿಬರುವುದಿಲ್ಲವೆಂದು ನಾನು ಮೊದಲನೆಯ ಪುಟದಲ್ಲೇ ದಾಖಲಿಸಿದ್ದೆ. ಅವಳೂ ಎದುರಾಡಿರಲಿಲ್ಲ. ಆಗೊಮ್ಮೆ ಈಗೊಮ್ಮೆ, “ಆ ಹಿರಿಯರ ಬಸ್ ಕಾರ್ಡು ಮಾಡಿಸ್ಕೊಡ್ತೀನಿ ಅಂದಿದ್ದೆಯಲ್ಲೋ, ಏನಾಯ್ತು?” ಎಂದು ಕೇಳುತ್ತಿದ್ದಳು ಅಷ್ಟೆ.

“ಆಗುತ್ತಮ್ಮ. ಈ ಮಂಡಿ ಇಟ್ಕೊಂಡು ನೀನು ಬಸ್ಸಲ್ಲಿ ಎಲ್ಲಿಗೆ ಹೋಗ್ಬೇಕು?” ಎನ್ನುತ್ತಿದ್ದೆ. ಅರ್ಜಿ, ಅವಳ ಎರಡು ಭಾವಚಿತ್ರಗಳ ಜೊತೆ, ಕಚೇರಿಯ ನನ್ನ ಡ್ರಾಯರಿನಲ್ಲಿ ಒಂದು ವರ್ಷದಿಂದ ಬೆಚ್ಚಗೆ ಮಲಗಿತ್ತು.

ಹೀಗಿರುವಾಗ ಒಂದು ಬುಧವಾರ ಸಂಜೆ ಕೆಲಸದಿಂದ ಬಂದು ಬೂಟು ಬಿಚ್ಚಿದೆ. ಕಾಲೊರಸುವ ಚಾಪೆಯ ಮೇಲೆ ಮರಳು! ಬಗ್ಗಿ ಚಿಟಿಕೆಯಲ್ಲಿ ಎತ್ತಿ ದೀಪಕ್ಕೆ ಹಿಡಿದೆ. ಕಪ್ಪು ಮರಳು! ಈ ಬಣ್ಣದ ಮರಳು ಹನ್ನೊಂದರಲ್ಲಿ ಒಂದೇ ಬೀಚಿನಲ್ಲಿದೆ, ಅದೂ ನಾನು ಫೇಲು ಮಾಡಿದ್ದರಲ್ಲಿ.

“ಇದೇನೇ?”

ಹೆಂಡತಿ ಪ್ರಕಾಶಕರೊಬ್ಬರಿಗೆ ಮನೆಯಲ್ಲೇ ಕರಡು ತಿದ್ದುತ್ತಾಳೆ. ಹಾಳೆಯಿಂದ ತಲೆ ಎತ್ತದೆ, “ಮರಳು” ಎಂದಳು.

“ಮರಳು ಅಂತ ನಂಗೂ ಗೊತ್ತು. ಎಲ್ಲಿಂದ ಬಂತು?”

“ಕಾಲಿಂದ.”

ತಪ್ಪಿತಸ್ಥರು ಯಾವಾಗಲೂ ಚುಟುಕಾಗಿ ಉತ್ತರಿಸುತ್ತಾರೆ. ನಾನು ಅವಳ ಮುಖವನ್ನು ದಿಟ್ಟಿಸಿದೆ. ಮೂಗಿನ ತುದಿ ಬಿಸಿಲಿಗೆ ಕೆಂಪಾಗಿತ್ತು. ಮನೆಯೊಳಗೆ ಕೂತು ಕರಡು ತಿದ್ದುವವಳ ಮೂಗಿಗೆ ಬಿಸಿಲೆಲ್ಲಿಂದ ಬಂತು? ಸದ್ದಿಲ್ಲದೆ ಅಮ್ಮನ ಕೋಣೆಗೆ ಹೋದೆ.

“ಅಮ್ಮಾ, ಇವತ್ತು ಇವಳು ಎಲ್ಲಿಗಾದ್ರೂ ಹೋಗಿದ್ಲಾ?”

“ಬೆಳಿಗ್ಗೆಯಿಂದ ನನ್ನ ಕಣ್ಣೆದುರಿಗೇ ಇದ್ಲಲ್ಲೋ!” ಎಂದಳು ಅಮ್ಮ, ಕಣ್ಣು ಮಿಟುಕಿಸದೆ. ಪಾಪ, ತಿಂಡಿಯಾದ ಮೇಲೆ ನಿದ್ದೆ ಹೋಗಿರಬೇಕು, ಇವಳು ಆ ಹೊತ್ತಿಗೆ ಜಾರಿಕೊಂಡಿರಬೇಕು ಎಂದು ನಾನು ಲೆಕ್ಕ ಹಾಕಿದೆ.

ಮಾರನೆಯ ದಿನ ಮೆಟ್ಟಿಲಿಳಿಯುತ್ತಿದ್ದೆ. ಮೇಲಿನ ಮನೆಯ ಈಜು ಮೇಷ್ಟ್ರು ಎದುರಾದರು. ಅಗಲವಾದ ಭುಜ, ಅದಕ್ಕಿಂತ ಅಗಲವಾದ ಹುಲ್ಲಿನ ಟೋಪಿ. ಸದಾ ಸಿಳ್ಳೆ ಹಾಕುವ ಮನುಷ್ಯ. ಸಿಳ್ಳೆ ಹಾಕುವವರನ್ನು ನಾನು ಮೊದಲಿಂದಲೂ ನಂಬಿದವನಲ್ಲ. ನನ್ನನ್ನು ನೋಡಿದ್ದೇ ಸಿಳ್ಳೆ ನಿಲ್ಲಿಸಿ, “ಕರಿಮರಳಲ್ಲಿ ಮುಂದಿನ ಬುಧವಾರ ಅಲೆ ಇನ್ನೂ ಕಡಿಮೆ ಇರುತ್ತೆ ಅಂತ ಮನೇಲಿ ಹೇಳ್ಬಿಡಿ ಸಾರ್” ಎಂದರು.

“ಯಾರಿಗೆ ಹೇಳ್ಬೇಕು?”

ಮೇಷ್ಟ್ರು ನಾಲಿಗೆ ಕಚ್ಚಿಕೊಂಡು, “ಯಾರಿಗೂ ಬೇಡ ಬಿಡಿ ಸಾರ್” ಎಂದವರೇ ಎರಡೆರಡು ಮೆಟ್ಟಿಲು ಹಾರಿ ಮಾಯವಾದರು!

ಆ ರಾತ್ರಿ ಅವಳ ಕರಡಿನ ಕಟ್ಟಿನಲ್ಲಿ ಗುರುತಿಗೆಂದು ಸಿಕ್ಕಿಸಿದ್ದ ಚೀಟಿ ನನ್ನ ಕಣ್ಣಿಗೆ ಬಿತ್ತು. ಬೇರೆ ಗಂಡಂದಿರು ಪ್ರೇಮಪತ್ರ ಹುಡುಕುತ್ತಾರೆ. ನನಗೆ ಬಸ್ ಟಿಕೆಟ್ಟೇ ಸಾಕು. ಬುಧವಾರ, ಬೆಳಿಗ್ಗೆ ಹತ್ತು ಹನ್ನೆರಡು, ನಮ್ಮ ನಿಲ್ದಾಣದಿಂದ ಕರಿಮರಳಿಗೆ, ಎರಡು ಫುಲ್. ಎರಡು! ಒಂದು ಅವಳದು. ಇನ್ನೊಂದು ಯಾರದು? ಅಮ್ಮನದಾಗಿದ್ದರೆ ‘ಒಂದು ಹಿರಿಯರು’ ಎಂದು ಮುದ್ರಣವಾಗಬೇಕಿತ್ತು. ಹೀಗೆ ಅಮ್ಮನನ್ನು ಕಾನೂನುಬದ್ಧವಾಗಿ ಆರೋಪಮುಕ್ತಗೊಳಿಸಿದೆ. ಉಳಿದದ್ದು ಹುಲ್ಲಿನ ಟೋಪಿ.

ನಗಬೇಡಿ. ಆಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಹದಿನೆಂಟು ವರ್ಷದ ಸಂಸಾರ. ಅವಳು ನನ್ನೊಂದಿಗೆ ಬೀಚಿನಲ್ಲಿ ಒಮ್ಮೆಯಾದರೂ ಮನಸಾರೆ ನಕ್ಕಿದ್ದಳೇ ಎಂದು ನೆನಪಿಸಿಕೊಳ್ಳಲು ನೋಡಿದೆ. ರಿಜಿಸ್ಟರಿನಲ್ಲಿ ಅದಕ್ಕೊಂದು ಕಾಲಮೇ ಇರಲಿಲ್ಲ.

ಮುಂದಿನ ಬುಧವಾರಕ್ಕೆ ಮಹಾ ಕಾರ್ಯಾಚರಣೆ! ಎಂದಿನಂತೆ ಸಮವಸ್ತ್ರ ತೊಟ್ಟು ಹೊರಟೆ. ನಿಲ್ದಾಣದ ಎದುರಿನ ಸೈಕಲ್ ರಿಪೇರಿ ಅಂಗಡಿಯ ಹಿಂಬದಿಯಲ್ಲಿ ಬಟ್ಟೆ ಬದಲಾಯಿಸಿ, ಕಪ್ಪು ಕನ್ನಡಕ ಏರಿಸಿ, ಕಚೇರಿಗೆ ಫೋನು ಮಾಡಿ ನಡುಗುವ ದನಿಯಲ್ಲಿ “ಜ್ವರ” ಎಂದೆ. ಸಮವಸ್ತ್ರ ಅಂಗಡಿಯಲ್ಲೇ ಉಳಿಯಿತು. ಅದರ ಜೇಬಿನಲ್ಲಿ ನನ್ನ ಸಿಬ್ಬಂದಿ ಪಾಸೂ ಉಳಿಯಿತು. ಅದು ನನಗೆ ಹೊಳೆಯಲೇ ಇಲ್ಲ.

ಹತ್ತು ಹನ್ನೆರಡಕ್ಕೆ ಬಸ್ಸು ಬಂತು. ಗುಂಪಿನ ನಡುವೆ ಮುಂದಿನ ಬಾಗಿಲಲ್ಲಿ ನನ್ನ ಹೆಂಡತಿ ಹತ್ತುವುದು ಕಂಡಿತು. ಅವಳ ಮುಂದೆ ಹುಲ್ಲಿನ ಟೋಪಿ! ಓಡಿ ಹಿಂದಿನ ಬಾಗಿಲಿಂದ ಹತ್ತಿ, ಕೊನೆಯ ಸೀಟಿನಲ್ಲಿ ಕೂತು, ದಿನಪತ್ರಿಕೆಯನ್ನು ಮುಖದೆದುರು ಅಗಲವಾಗಿ ಬಿಡಿಸಿದೆ. ಮೂರನೆಯ ಸಾಲಿನಲ್ಲಿ ಟೋಪಿ ಮತ್ತು ಅವಳು ಅಂಟಿಕೊಂಡು ಕೂತಿದ್ದರು. ಅವಳು ಅದರ ಕಿವಿಯಲ್ಲಿ ಏನೋ ಹೇಳಿದಳು. ಟೋಪಿ ಕುಲುಕುಲು ನಕ್ಕಿತು. ನನ್ನ ಪತ್ರಿಕೆ ಗಡಗಡ ನಡುಗಿತು.

ಕಂಡಕ್ಟರ್ ಟಿಕೆಟ್ ಕೊಡುತ್ತಾ ಹಿಂದಿನವರೆಗೂ ಬಂದ. ನನ್ನ ಪಕ್ಕದವರಿಗೆ ಕೊಟ್ಟ, ಎದುರಿನವರಿಗೆ ಕೊಟ್ಟ, ನನ್ನನ್ನು ಒಮ್ಮೆ ನೋಡಿ ಹಾಗೇ ತಿರುಗಿ ಹೋದ! ಪ್ರಯಾಣಿಕನನ್ನು ಕಣ್ಣಾರೆ ಕಂಡೂ ಟಿಕೆಟ್ ಕೊಡದ ಕಂಡಕ್ಟರ್! ಕೂಗಿದರೆ ದನಿ ಗುರುತು ಸಿಗುತ್ತದೆಂದು ಸುಮ್ಮನಿದ್ದೆ. ಆದರೆ ನಾಳೆಯೇ ಇವನಿಗೊಂದು ನೋಟೀಸು ಕೊಡಬೇಕೆಂದು ಬಸ್ಸಿನ ನಂಬರನ್ನು ಅಂಗೈ ಮೇಲೆ ಬರೆದುಕೊಂಡೆ.

ಆರನೆಯ ನಿಲ್ದಾಣದಲ್ಲಿ ಬಸ್ಸು ನಿಂತಿತು. ಹಿಂದಿನ ಬಾಗಿಲಿಂದ ಪರಿಚಯದ ಬೂಟಿನ ಸದ್ದು ಕೇಳಿತು.

“ಟಿಕೆಟ್.”

ಪತ್ರಿಕೆಯ ಮೇಲಂಚಿನಿಂದ ಇಣುಕಿದೆ. ನನ್ನ ಕೈಕೆಳಗಿನ ಮಹಿಳಾ ಇನ್ಸ್‌ಪೆಕ್ಟರ್! ಮೂರು ವರ್ಷ ನಾನೇ ಪಳಗಿಸಿದವಳು. ಸೊಂಟದ ಮೇಲೆ ಕೈಯಿಡುವ ಆ ಭಂಗಿಯೂ ನನ್ನದೇ.

“ಟಿಕೆಟ್ ತೋರಿಸ್ರಿ. ಪೇಪರ್ ಆಮೇಲೆ ಓದಬಹುದು.”

ಕನ್ನಡಕ ತೆಗೆದು, ಹಲ್ಲುಗಳ ನಡುವಿನಿಂದ, “ನಾನು ಕಣಮ್ಮ” ಎಂದೆ.

“ಸಾರ್! ನಿಮಗೆ ಜ್ವರ ಅಲ್ವಾ?”

“ಮೆಲ್ಲಗೆ ಮಾತಾಡು! ಗುಪ್ತ ತಪಾಸಣೆ ನಡೀತಿದೆ.”

“ಸರಿ ಸಾರ್. ಪಾಸು?”

ಜೇಬು ತಡಕಿದೆ. ಇನ್ನೊಂದು ಜೇಬು ತಡಕಿದೆ. ಎರಡು ಜೇಬುಗಳೂ ಮುಗಿದ ಮೇಲೆ ಮೊದಲನೆಯದನ್ನೇ ಮತ್ತೆ ತಡಕಿದೆ. ಟಿಕೆಟ್ ಇಲ್ಲದವರು ಹೀಗೇ ಮಾಡುತ್ತಾರೆಂದು ಅವಳಿಗೆ ಹೇಳಿಕೊಟ್ಟವನೂ ನಾನೇ.

“ಪಾಸು ಸಮವಸ್ತ್ರದಲ್ಲಿದೆ. ಸಮವಸ್ತ್ರ ಸೈಕಲ್ ಅಂಗಡಿಯಲ್ಲಿದೆ” ಎಂದೆ.

ಪಾಪ, ಅವಳ ಕಣ್ಣಲ್ಲಿ ನೀರಾಡಿತು. “ಹೆತ್ತ ಅಪ್ಪನೇ ಆದ್ರೂ ಬಿಡಬಾರದು ಅಂತ ನೀವೇ ಕಲಿಸಿದ್ದು ಸಾರ್. ದಯವಿಟ್ಟು ಎದ್ದೇಳಿ” ಎಂದಳು.

ಇಡೀ ಬಸ್ಸು ಹಿಂತಿರುಗಿ ನೋಡಿತು. ಇಪ್ಪತ್ತೆರಡು ವರ್ಷ ನಾನು ಎಬ್ಬಿಸಿದವರೆಲ್ಲ ಅಂದು ಅದೇ ಬಸ್ಸಿನಲ್ಲಿ ಇದ್ದಂತೆ ನನಗನ್ನಿಸಿತು. ಎದ್ದು ನಿಂತೆ. ಆಗ ಮೂರನೆಯ ಸಾಲಿನಿಂದ ಒಂದು ಕೈ ಮೇಲೆದ್ದಿತು.

“ಅವರ ಟಿಕೆಟ್ ಇಲ್ಲಿದೆ ಮೇಡಂ.”

ನನ್ನ ಹೆಂಡತಿ! ಮಹಿಳಾ ಇನ್ಸ್‌ಪೆಕ್ಟರ್ ಹೋಗಿ ಚೀಟಿ ಇಸಿದುಕೊಂಡು ಇಡೀ ಬಸ್ಸಿಗೆ ಕೇಳುವಂತೆ ಓದಿದಳು. “ಕರಿಮರಳು. ಮೂರು ಫುಲ್.”

“ಕೊನೇ ಸೀಟಲ್ಲಿ ಪೇಪರ್ ಹಿಡ್ಕೊಂಡು ಕೂತಿರೋರಿಗೂ ಸೇರಿಸಿ ಕೊಡಿ ಅಂತ ಟಿಕೆಟ್ ತಗೊಳ್ಳೋವಾಗ್ಲೇ ಕಂಡಕ್ಟರಿಗೆ ಹೇಳಿದ್ದೆ” ಎಂದಳು ಹೆಂಡತಿ. ಆಮೇಲೆ ನನ್ನ ಕಡೆ ತಿರುಗಿ, “ವೇಷ ಹಾಕೋರು ಇಲಾಖೆ ಬೂಟನ್ನೂ ಬಿಚ್ಚಬೇಕ್ರೀ!” ಎಂದಳು.

ಪಕ್ಕದ ಹುಲ್ಲಿನ ಟೋಪಿ ನಿಧಾನವಾಗಿ ಹಿಂದಕ್ಕೆ ತಿರುಗಿತು. ಅದರ ಕೆಳಗೆ ನನ್ನ ಅಮ್ಮ!

“ಅಮ್ಮಾ! ನೀನಾ?”

“ಮೇಷ್ಟ್ರ ಟೋಪಿ ಕಣೋ. ಬಿಸಿಲಿಗೆ ಇರ್ಲಿ ಅಂತ ಕೊಟ್ರು. ಯಾವತ್ತು ಅಲೆ ಕಡಿಮೆ ಅಂತಾನೂ ಅವರೇ ಹೇಳೋದು.”

“ಆದ್ರೆ ಆ ಟಿಕೆಟ್ಟಲ್ಲಿ ಎರಡು ಫುಲ್ ಅಂತ ಇತ್ತು! ಹಿರಿಯರು ಅಂತ ಇರ್ಲಿಲ್ಲ!”

ಅಮ್ಮ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು. “ಕಾರ್ಡಿಲ್ದೆ ಹಿರಿಯಳು ಅಂದ್ರೆ ಕಂಡಕ್ಟರ್ ನಂಬ್ತಾನೇನೋ? ಅದರ ಅರ್ಜಿ ಯಾರ ಡ್ರಾಯರಲ್ಲಿದೆ?”

ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಬಸ್ಸು ಚಲಿಸುತ್ತಿದ್ದುದರಿಂದ ಅದೂ ಸಾಧ್ಯವಿರಲಿಲ್ಲ.

“ನಿನ್ನ ಮಂಡಿ...” ಎಂದು ತೊದಲಿದೆ.

“ಮಂಡಿ ನೋವು ಅಂತ ನಾನು ಯಾವತ್ತಪ್ಪಾ ಹೇಳಿದ್ದೆ? ನೀನು ಹೇಳಿದ್ದು, ನಾನು ಕೇಳಿದ್ದು.”

ಕರಿಮರಳಿನಲ್ಲಿ ಇಳಿದೆವು. ನೆರಳಿಲ್ಲ, ಬೆಂಚಿಲ್ಲ, ಶೌಚಾಲಯಕ್ಕೆ ಈಗಲೂ ಬಾಗಿಲಿಲ್ಲ. ಅಮ್ಮ ಚಪ್ಪಲಿ ಬಿಚ್ಚಿ ನನ್ನ ಕೈಗೆ ಕೊಟ್ಟವಳೇ ನೀರಿನ ಕಡೆ ನಡೆದಳು. ನಡೆದಳು ಅನ್ನುವುದೂ ಕಡಿಮೆಯೇ, ಓಡಿದಳು! ಅಲೆ ಮಂಡಿಗೆ ಬಡಿದಾಗ ಅವಳು ಹುಡುಗಿಯ ಹಾಗೆ ಕಿರುಚಿದ್ದನ್ನು ನಾನು ಕೇಳಿದೆ. ಕಡಲ ಊರಿನಲ್ಲೇ ಇದ್ದೂ ಅವಳನ್ನು ಇಷ್ಟು ವರ್ಷ ಮನೆಯಲ್ಲಿ ಕೂರಿಸಿದ್ದೆನಲ್ಲ!

“ಹನ್ನೊಂದು ಬೀಚಿದ್ವು. ಹುಡುಕಿ ಹುಡುಕಿ ಇದನ್ನೇ ಯಾಕೆ ಆರಿಸಿದ್ರಿ?” ಎಂದು ಹೆಂಡತಿಯನ್ನು ಕೇಳಿದೆ.

“ನಿಮ್ಮ ರಿಜಿಸ್ಟರ್ ನೋಡೇ ಆರಿಸಿದ್ದು.”

“ಅದರಲ್ಲಿ ಇದು ಫೇಲು!”

“ಅದಕ್ಕೇರೀ! ಫೇಲಾದ ಕಡೆ ನೀವು ಗಡಿಯಾರ ಹಿಡ್ಕೊಂಡು ಬರಲ್ಲ ಅನ್ನೋದು ಗ್ಯಾರಂಟಿ.”

ಮೂವರ ಚಪ್ಪಲಿ, ಬೂಟು, ಮೇಷ್ಟ್ರ ಟೋಪಿ ಕಾಯುತ್ತಾ ಬಿಸಿಲಲ್ಲಿ ಕೂತೆ. ಬಸ್ಸು ಬಂದು ಹೋಯಿತು. ಇನ್ನೊಂದು ಬಂದು ಹೋಯಿತು. ಹೆಂಡತಿ ಅಷ್ಟೊಂದು ನಗುವುದನ್ನು ನೋಡುತ್ತಾ ನಾನು ಗಡಿಯಾರ ನೋಡುವುದನ್ನೇ ಮರೆತಿದ್ದೆ.

ಮಾರನೆಯ ದಿನ ಕಚೇರಿಗೆ ಹೋದವನು ಮೊದಲು ಡ್ರಾಯರು ತೆಗೆದೆ. ನಾಲ್ಕೇ ದಿನದಲ್ಲಿ ಅಮ್ಮನ ಕಾರ್ಡು ಬಂತು. ಒಂದು ವರ್ಷದ ಕೆಲಸ ನಾಲ್ಕು ದಿನದ್ದಾಗಿತ್ತು! ಅಂದು ಮನೆಯಲ್ಲಿ ಯಾರೂ ನೋಡದಾಗ ರಿಜಿಸ್ಟರ್ ಬಿಡಿಸಿ, ತೊಂಬತ್ತೊಂದು ಅಂಕದ ದೀಪಸ್ತಂಭದ ಬೀಚನ್ನು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಫೇಲು ಮಾಡಿದೆ. ಫೇಲಾದ ಕಡೆಗೇ ಹೋಗುವ ಅವರಿಬ್ಬರಿಗೂ ಅಲ್ಲಾದರೆ ಒಂದಿಷ್ಟು ನೆರಳು, ಒಂದು ಬೆಂಚು, ಬಾಗಿಲಿರುವ ಶೌಚಾಲಯ ಸಿಗಲಿ ಎಂದು. ನಾನು ಮಾಡಿದ ಮೊದಲ ನಿಸ್ವಾರ್ಥ ಕಳ್ಳಲೆಕ್ಕವದು.

ಸಂಜೆ ಹೆಂಡತಿ ರಿಜಿಸ್ಟರ್ ತೆರೆದಳು. ಆ ಪುಟ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಪುಟ ನೋಡಿದಳು. ಪೆನ್ಸಿಲಿನಿಂದ ಮೇಜು ತಟ್ಟುತ್ತಾ ಹುಬ್ಬು ಗಂಟಿಕ್ಕಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಅದು ನನ್ನದೇ.

“ಅತ್ತೇ, ಸ್ವಲ್ಪ ಬನ್ನಿ ಇಲ್ಲಿ. ಇವರು ದೀಪಸ್ತಂಭವನ್ನ ಫೇಲ್ ಮಾಡಿದಾರೆ!”

ಅಮ್ಮ ಬಂದು ಕನ್ನಡಕ ಏರಿಸಿ ನೋಡಿ, “ಏನೋ ಮಸಲತ್ತಿದೆ” ಎಂದಳು.

“ನಿಜ ಹೇಳಿ. ಬುಧವಾರ ಅಲ್ಲಿ ಯಾವ ಮರದ ಹಿಂದೆ ಕೂತಿರ್ತೀರಿ?”

“ಅಯ್ಯೋ, ನಿಮ್ಮ ಅನುಕೂಲಕ್ಕೇ ಕಣೇ...”

“ಅದೆಲ್ಲ ಬೇಡ. ಮೊದಲೇ ಹೇಳ್ಬಿಡಿ. ಬುಧವಾರಕ್ಕೆ ಟಿಕೆಟ್ ಎರಡು ತಗೊಳ್ಳೋದಾ, ಮೂರಾ?”

ನಾನು ಬೂಟಿನ ಕಡೆ ನೋಡುತ್ತಾ, “ಮೂರು” ಎಂದೆ.

“ಹಾಗಾದ್ರೆ ರಜೆ ಚೀಟೀಲಿ ಈ ಸಲ ಬೇರೆ ಕಾಯಿಲೆ ಬರಿಯೋ” ಎಂದಳು ಅಮ್ಮ. “ನಂಗೊಂದು ಮಂಡಿ ನೋವಿತ್ತಲ್ಲ, ಅದನ್ನ ನೀನೇ ತಗೋ.”