ಕಾಕಾನ ಮಣೆ

ನಿಜಾಮನ ರಾಜ್ಯದಲ್ಲೇ ನಮ್ಮ ಕಾಕಾನಂಥ ಸೋಮಾರಿ ಇನ್ನೊಬ್ಬನಿಲ್ಲ ಎಂದು ನಮ್ಮಪ್ಪ ಹೇಳುತ್ತಿದ್ದ. ಅಷ್ಟು ದೊಡ್ಡ ರಾಜ್ಯವನ್ನೆಲ್ಲ ತಿರುಗಿ ನೋಡಿದವರು ಯಾರು? ಆದರೆ ನಿಲಂಗಾದಿಂದ ಔರಾದ ಶಹಾಜನಿಯವರೆಗೆ ಊಟದ ಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡು ತಿರುಗುವ ಗಂಡಸು ಅವನೊಬ್ಬನೇ ಎಂಬುದಕ್ಕೆ ನಾನೇ ಸಾಕ್ಷಿ! ಹೊಲಕ್ಕೆ ಹೊರಟರೆ ಬೇವಿನ ಗಿಡ ಕಂಡಲ್ಲೆಲ್ಲ ಮಣೆ ಹಾಕಿ ಕೂರುವನು. ಅವನು ಹೊಲ ಮುಟ್ಟುವ ಹೊತ್ತಿಗೆ ಎತ್ತುಗಳು ಮನೆಗೆ ಹೊರಟಿರುತ್ತಿದ್ದವು.

"ನೆಲಕ್ಕ ಕೂತ್ರ ಏಳಲಾಕ ಆಗವಲ್ದವ್ವ. ಮಣಿ ನಾಕ್ ಬೆರಳು ಎತ್ತರ ಅದ. ಆ ನಾಕ್ ಬೆರಳಿನಾಗೇ ನನ್ನ ಜೀವ ಅದ" ಎನ್ನುತ್ತಿದ್ದ.

ಮೊದಲು ಜೋಳದ ಚೀಲವನ್ನು ಒಬ್ಬನೇ ಗಾಡಿಗೆ ಎಸೆಯುತ್ತಿದ್ದನಂತೆ. ಕತ್ತು ಮುರಿಯುವಂಥ ಮಾನಮೋಡಿ ಜ್ವರ ಬಂದು ಮನೆಮನೆಗೂ ಸಾವು ಹೊಕ್ಕ ವರ್ಷ ಅವನೂ ಮಲಗಿದ. ಜ್ವರ ಬಿಟ್ಟಿತು, ದಣಿವು ಬಿಡಲಿಲ್ಲ. ಅಷ್ಟರಲ್ಲಿ ಸರಕಾರದ ಡಂಗುರ ಬಂತು: ಬೇನೆ ಹೋಗಿದೆ, ಎಲ್ಲರೂ ಕೆಲಸಕ್ಕೆ ಹೋಗಿ!

"ಸರಕಾರದ ಮೈಯಾಗಿಂದು ಹೋಗಿರಬೇಕು. ನನ್ನ ಮೈಯಾಗ ಇನ್ನಾ ಅದ ಅಂತ ಹೇಳು, ಹೋಗ್!" ಎಂದು ಕಾಕಾ ಕಟ್ಟೆಯಿಂದಲೇ ಕೂಗಿದ.

ಡಂಗುರ ಹೊಡೆದ ದಿನವೇ ನಮ್ಮ ಓಣಿಯಿಂದ ಮತ್ತೊಂದು ಹೆಣ ಹೋಗಿತ್ತು. ಹಾಗಾಗಿ ಯಾರೂ ಅವನ ಬಾಯಿ ಮುಚ್ಚಿಸಲಿಲ್ಲ. ಅಂದಿನಿಂದ ಸರಕಾರದ ಮಾತೆಂದರೆ ಅವನಿಗೆ ಸುಳ್ಳಿನ ಕಂತೆ. ಮಳೆ ಬಂತೆಂದು ಪಟೇಲ ಹೇಳಿದರೂ ಕೈ ಹೊರಗೆ ಚಾಚಿ ನೋಡುವನು. ಬಾವಿಯ ನೀರು ಚೊಕ್ಕವಿದೆ ಎಂದರೆ, "ಹಂಗಾದ್ರ ಮೊದಲ ನೀ ಕುಡಿ" ಎಂದು ಚಂಬು ಮುಂದೆ ಹಿಡಿಯುವನು.

ಅಪ್ಪ ಬಿಡಲಿಲ್ಲ, ಗಾಡಿ ಕಟ್ಟಿ ದವಾಖಾನೆಗೆ ಒಯ್ದ. ಡಾಕ್ಟರ್ ಸಾಹೇಬರು ನಾಲಗೆ ನೋಡಿದರು, ನಾಡಿ ಹಿಡಿದರು, "ಬಿಲ್ಕುಲ್ ತಂದುರುಸ್ತ್!" ಎಂದರು. ಮೈಯಲ್ಲಿ ಯಾವ ಬೇನೆಯೂ ಇಲ್ಲವಂತೆ!

"ಹೌದ್ರೀ ಸಾಹೇಬ್ರ? ಹಂಗಾದ್ರ ಈ ತಂದುರುಸ್ತ್ ಮನಷ್ಯಾನ್ನ ಯಾರರೆ ಎತ್ತಿ ಗಾಡ್ಯಾಗ ಹಾಕ್ರಿ."

ಇಬ್ಬರು ಜವಾನರು ಎತ್ತಿ ಹಾಕಿದರು.

ಬೆಳಗಿನ ಲಿಂಗಪೂಜೆಯದು ಇನ್ನೊಂದು ಕತೆ. ಎಡಗೈಯಲ್ಲಿ ಲಿಂಗ ಹಿಡಿದು ಗೋಡೆಗೆ ಒರಗಿದರೆ ಸಾಕು, ನಿದ್ದೆ! ಲಿಂಗ ಕೈಜಾರಿದರೆ ಗತಿಯೇನು ಎಂದು ಕಾಕಿ ಅವನ ಅಂಗೈಯ ಕೆಳಗೆ ತನ್ನ ಕೈ ಹಿಡಿದು ಕೂರುತ್ತಿದ್ದಳು. ಸಂತೆಗೆ ಹೋಗುವವರು ಬಾಗಿಲಲ್ಲಿ ಇಣುಕಿ, ಶರಣರು ಶಿವಯೋಗದಲ್ಲಿದ್ದಾರೆ ಎಂದುಕೊಂಡರು. ಗೊರಕೆಯಲ್ಲೂ ಅವರಿಗೆ ಓಂಕಾರ ಕೇಳಿತು! ಒಂದು ದಿನ ಕಣ್ಣು ಬಿಟ್ಟರೆ ಎದುರಿಗೆ ತೆಂಗಿನಕಾಯಿ, ಕಾಲ ಬಳಿ ಜನ.

"ಏ, ನಾ ಶರಣ ಅಲ್ರೋ, ಜಡ್ಡಿನ ಮನಷ್ಯಾ!"

"ತಮ್ಮನ್ನ ಎಷ್ಟ್ ಸಣ್ಣವರು ಅನ್ಕೋತಾರ ನೋಡ್ರಿ, ಖರೇ ಶರಣರು!" ಎಂದು ಅವರು ಮತ್ತೊಮ್ಮೆ ಅಡ್ಡಬಿದ್ದರು.

ಡಾಕ್ಟರಿಗೆ ಗಟ್ಟಿ ಆಳು, ಅಪ್ಪನಿಗೆ ಸೋಮಾರಿ, ಸಂತೆಯವರಿಗೆ ಶರಣ. ಅವನಿಗೆ ಜಡ್ಡಿದೆ ಎಂದು ನಂಬುವವರು ಕಾಕಿಯ ಹೊರತು ಒಬ್ಬರೂ ಇಲ್ಲ. ಅವನಿಗೆ ಬೇಕಿದ್ದದ್ದು ಆ ನಂಬಿಕೆಯೊಂದೇ.

ಮುಂದೆ ನನ್ನನ್ನು ಔರಾದಿನ ಕಿರಾಣಿ ವ್ಯಾಪಾರಿಗಳ ಮನೆಗೆ ಕೊಟ್ಟರು. ಅಲ್ಲಿ ನನಗೂ ಅಂಥದೇ ಜ್ವರ ಬಂದು ಹೋಯಿತು. ಆಮೇಲೆ ನಾಲ್ಕು ರೊಟ್ಟಿ ಬಡಿದರೆ ತೋಳು ಸೋತು ಬೀಳುತ್ತಿತ್ತು. "ರೊಟ್ಟಿ ಬಡಿಯೂದಕ್ಕ ಜಡ್ಡು, ತಿನ್ನೂದಕ್ಕ ಆರಾಮ!" ಎಂದು ಅತ್ತೆ ಹಂಗಿಸುತ್ತಿದ್ದಳು. ದವಾಖಾನೆಗೂ ಹೋಗಿ ಬಂದೆ. ಅದೇ ಡಾಕ್ಟರು, ಅದೇ "ತಂದುರುಸ್ತ್"!

ಸುದ್ದಿ ಕೇಳಿ ಕಾಕಾ ಬಂದ. ಮುಂಜಾನೆ ಊರು ಬಿಟ್ಟವನು ದೀಪ ಹಚ್ಚುವ ಹೊತ್ತಿಗೆ ಮುಟ್ಟಿದ. ಒಲೆಯ ಮುಂದೆ ಗೋಡೆ ಹಿಡಿದು ನಿಂತಿದ್ದ ನನ್ನನ್ನು ನೋಡಿದ. ಕಂಕುಳಿನ ಮಣೆ ತೆಗೆದು ನನ್ನ ಮುಂದೆ ಇಟ್ಟ, ತಾನು ಕೂರಲಿಲ್ಲ.

"ಕುಂಡ್ರವ್ವ" ಎಂದ.

"ಆಕಿಗೇನೂ ಆಗಿಲ್ಲಂತ ಡಾಕ್ಟರ್ ಹೇಳ್ಯಾರ್ರೀ" ಎಂದಳು ಅತ್ತೆ.

"ನನಗೂ ಅವರೇ ಹೇಳಿದ್ರು ತಾಯಿ. ಆಕಿ ಆಗ್ಯಾದ ಅಂತಾಳ. ನಾ ನಂಬ್ತೀನಿ."

ನಾನು ಮಣೆಯ ಮೇಲೆ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಅಷ್ಟು ದಿನ ಯಾರೂ ಆ ಮಾತು ಹೇಳಿರಲಿಲ್ಲ.

ಮರುದಿನ ಎಷ್ಟು ಹೇಳಿದರೂ ಅವನು ಮಣೆ ಒಯ್ಯಲಿಲ್ಲ. ಬರಿಗೈಯಲ್ಲಿ ಹೊರಟವನನ್ನು ಬಾಗಿಲಲ್ಲಿ ನಿಂತು ನೋಡಿದೆ. ಮೊದಲ ಬೇವಿನ ಗಿಡ ಬಂದಾಗ ಕಾಕಾ ಒಮ್ಮೆ ತಿರುಗಿ ನೋಡಿ, ಕೈ ಎತ್ತಿ, ಮೆಲ್ಲಗೆ ನೆಲದ ಮೇಲೆ ಕೂತ.