ನನ್ನ ಕಿವಿಯೂ ಮೂರು ಹೆರಾಲ್ಡ್ ಕಾರುಗಳೂ

ಕಿವಿಯ ವಿಷಯದಲ್ಲಿ ನನ್ನನ್ನು ಮೀರಿಸುವವರು ಇಡೀ ತಿಪಟೂರು ತಾಲ್ಲೂಕಿನಲ್ಲೇ ಇಲ್ಲ! ಜಂಬ ಅಂದುಕೊಂಡರೆ ಅಂದುಕೊಳ್ಳಿ. ನಾನು ಸ್ಕೂಲಿಗೆ ಹೋದದ್ದು ಏಳನೇ ಕ್ಲಾಸಿನವರೆಗೆ. ಉಳಿದ ವಿದ್ಯೆಯೆಲ್ಲ ಕಿವಿಯಿಂದಲೇ ಒಳಗೆ ಬಂದದ್ದು. ಹರಿಕಥೆ, ರೇಡಿಯೋ ಪ್ರವಚನ, ನೆಂಟರ ಗೋಳು, ಪಕ್ಕದ ಮನೆಯ ಜಗಳ, ಎಲ್ಲವನ್ನೂ ಬಾಯಿ ಮುಚ್ಚಿಕೊಂಡು ಕೇಳಿ ಕೇಳಿಯೇ ಇಷ್ಟಾದವಳು ನಾನು.

ಅದರಲ್ಲೂ ಕೊಬ್ಬರಿ! ನಮ್ಮ ಕಡೆ ತೆಂಗಿನಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ನೋಡಲು ಕಾಯಿ ಒಡೆಯಬೇಕಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು. 'ಗುಳಗುಳ' ಎಂದರೆ ಇನ್ನೂ ನೀರಿದೆ. 'ಲೊಟಲೊಟ' ಎಂದರೆ ಕೊಬ್ಬರಿ ಸಿದ್ಧ. ಹೇಳುವಾಗ ಸುಲಭ, ಕೇಳುವಾಗ ಕಷ್ಟ. ಎದುರು ಮನೆಯ ನಿಂಗಮ್ಮ ಅಟ್ಟದ ಕಾಯಿ ಇಳಿಸುವ ಮುಂಚೆ ನಾಲ್ಕು ಕಾಯಿ ಸೆರಗಿನಲ್ಲಿಟ್ಟುಕೊಂಡು ನನ್ನ ಹತ್ತಿರವೇ ಬರುವುದು. "ಗಂಗಕ್ಕಾ, ನಿನ್ ಕಿವಿ ಏನಂತದೆ?" ನಾನು ಕಣ್ಣು ಮುಚ್ಚಿ, ಅಲ್ಲಾಡಿಸಿ, ತೀರ್ಪು ಕೊಡುತ್ತಿದ್ದೆ. ಆ ತೀರ್ಪಿಗೆ ಮೇಲಿನ ಕೋರ್ಟೇ ಇರಲಿಲ್ಲ!

ಇಂಥ ಕಿವಿಗೆ ತೊಂಬತ್ತೇಳನೇ ಇಸವಿಯಲ್ಲಿ ಒಂದು ಸವಾಲು ಬಂತು. ನಮ್ಮ ಹೆರಾಲ್ಡ್ ಕಾರಿನಲ್ಲಿ ಏನೋ ಸದ್ದು! "ಈ ಸದ್ದಿನ ಮೂಲ ಹಿಡೀದೇ ಇದ್ರೆ ನನ್ನ ಹೆಸರು ಗಂಗಲಕ್ಷ್ಮಿನೇ ಅಲ್ಲ!" ಎಂದು ಘೋಷಿಸಿಬಿಟ್ಟೆ. ಹೆಸರು ಈಗಲೂ ಅದೇ ಇದೆ. ಹೋದದ್ದು ಮಿಕ್ಕಿದ್ದೆಲ್ಲ.

ಸ್ಟ್ಯಾಂಡರ್ಡ್ ಹೆರಾಲ್ಡ್ ಎಂದರೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಮದರಾಸಿನಲ್ಲಿ ಮಾಡುತ್ತಿದ್ದ ಕಾರು. ಆ ಹೊತ್ತಿಗೆ ಕಂಪನಿಯೇ ಬಾಗಿಲು ಹಾಕಿಯಾಗಿತ್ತು. ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದ ನಮ್ಮ ಯಜಮಾನರು ತಿಮ್ಮರಾಜು ಅವರಿಗೆ ಅದು ಅಪ್ಪ ಬಿಟ್ಟುಹೋದ ಆಸ್ತಿ. ಕೆನೆ ಬಣ್ಣ, ಕೊಕ್ಕರೆಯಂಥ ನಡಿಗೆ, ನಮ್ಮ ಕಿರಿದಾದ ಬೀದಿಯಲ್ಲೇ ಒಂದೇ ಸುತ್ತಿಗೆ ತಿರುಗುವ ಲಾಘವ! ಬೇರೆ ಕಾರುಗಳು ಬಾನೆಟ್ಟಿನ ಮುಚ್ಚಳ ಮಾತ್ರ ಎತ್ತಿ ತೋರಿಸುತ್ತವೆ. ಹೆರಾಲ್ಡ್ ಹಾಗಲ್ಲ. ಲೈಟು, ಮೂತಿ, ಚಕ್ರದ ಮೇಲಿನ ತಗಡು, ಎಲ್ಲ ಸಮೇತ ಮುಂದಕ್ಕೆ ಬಾಗಿ ಸಾಷ್ಟಾಂಗ ಹಾಕುತ್ತದೆ. ಅಷ್ಟು ವಿನಯವಂತ ಕಾರನ್ನು ನಾನು ಬೇರೆ ಕಂಡಿಲ್ಲ.

ನಮ್ಮ ಮೂರು ತಾಲ್ಲೂಕಿಗೆ ಉಳಿದಿದ್ದ ಹೆರಾಲ್ಡುಗಳು ಮೂರೇ. ಒಂದು ನಮ್ಮದು. ಇನ್ನೊಂದು ತುರುವೇಕೆರೆಯ ವಕೀಲ ತೋಂಟದಾರ್ಯ ಅವರದು. ಮತ್ತೊಂದು ಚಿಕ್ಕನಾಯಕನಹಳ್ಳಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಇಮ್ದಾದ್ ಸಾಹೇಬರದು. ಮೂವರೂ ಭಾನುವಾರ ಬೆಳಿಗ್ಗೆ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಸೇರುವರು. ಮೂರು ಕಾರೂ ಸಾಲಾಗಿ ಸಾಷ್ಟಾಂಗ! ಬಸ್ಸಿನಲ್ಲಿ ಹೋಗುವವರು ಒಂದೇ ಜಾಗದಲ್ಲಿ ಮೂರು ಕಾರು ಕೆಟ್ಟು ನಿಂತಿವೆ ಎಂದು ಮರುಗುತ್ತಿದ್ದರು. ಇವರೋ, ಎಳನೀರು ಕುಡಿಯುತ್ತ ಮಕ್ಕಳ ಮಾರ್ಕ್ಸ್ ಹೇಳಿಕೊಳ್ಳುವ ಹಾಗೆ ಹೇಳಿಕೊಳ್ಳುತ್ತಿದ್ದರು.

"ನಮ್ಮವಳು ಈ ವಾರ ಒಂದು ಹನಿ ಆಯಿಲ್ ಕುಡಿದಿಲ್ಲ ಕಣ್ರೀ ಮೇಷ್ಟ್ರೇ."

"ಬಾಗಿಲು ಹಾಕಿದ ಸದ್ದು ಕೇಳಿ ವಕೀಲರೇ. ಧಪ್! ಹೊಸ ಕಾರುಗಳದ್ದು ತಟ್ಟೆ ಬಿದ್ದಂಗೆ ಟಣ್ ಅಂತದೆ."

ಯಾವ ಊರಿನ ಗುಜರಿಯಲ್ಲಿ ಹೆರಾಲ್ಡಿನ ತುಣುಕು ಕಂಡರೂ ತರುವರು. ನಮ್ಮ ಡಿಕ್ಕಿಯಲ್ಲಿ ಇಂಥ ತುಣುಕುಗಳದೇ ಒಂದು ಗೋಣಿಚೀಲವಿತ್ತು. ಫ್ಯಾನ್ ಬೆಲ್ಟು, ಹೋಸ್ ಪೈಪು, ಹಳೇ ಪ್ಲಗ್ಗು. ಆ ಚೀಲ ಇಲ್ಲದೆ ಕಾರು ಊರ ಗಡಿ ದಾಟುವಂತಿರಲಿಲ್ಲ. ಅದನ್ನು ಮುಟ್ಟುವ ಹಕ್ಕು ಇವರೊಬ್ಬರಿಗೇ. ಇಳಿಸುವಾಗಲೂ ಎರಡು ಕೈಯಲ್ಲಿ ಮಗುವನ್ನು ಎತ್ತಿದ ಹಾಗೆ ಎತ್ತುವರು.

ಇವರ ನಂಬಿಕೆ ಚೀಲದ ಮೇಲಾದರೆ ನನ್ನದು ಸಂಪಿಗೆ ಊರಿನ ದೇವರು ಶ್ರೀನಿವಾಸನ ಮೇಲೆ. ಹಿಂದಿನ ವರ್ಷ ತುರುವೇಕೆರೆಯಲ್ಲಿರುವ ನಮ್ಮಕ್ಕ ರಂಗಕ್ಕನ ಮನೆಯಿಂದ ಬರುವಾಗ ಕಾರು, ವಯಸ್ಸಾದ ಜೀವ, ದಾರಿಯಲ್ಲಿ ಸುಸ್ತಾಗಿ ನಿಂತಿತ್ತು. ಇವರು ಬಾನೆಟ್ಟಿನೊಳಗೆ ತಲೆ ಹಾಕಿದರು. ನಾನು ಅಕ್ಕ ಕೊಟ್ಟಿದ್ದ ಕಾಯಿಗಳಲ್ಲಿ ಒಂದನ್ನು ಹಿಡಿದುಕೊಂಡು ಸಂಪಿಗೆ ದಿಕ್ಕಿಗೆ ಕೈ ಮುಗಿದೆ. ಕಾರು ಬುರ್ರೆಂದಿತು!

"ನೋಡಿದ್ಯಾ? ಪ್ಲಗ್ ಒರೆಸಿದೆ, ಅಷ್ಟೇ!" ಎಂದರು ಇವರು.

ಒರೆಸಿದವನು ಯಾರೆಂದು ನನಗೆ ಗೊತ್ತಿತ್ತು.

ಈಗ ಸದ್ದಿನ ವಿಷಯ. ಇಳಿಜಾರು ಸಿಕ್ಕಿದರೆ ಇವರು ಇಂಜಿನ್ ಆಫ್ ಮಾಡಿ ಕಾರನ್ನು ಹಾಗೇ ಬಿಡುತ್ತಿದ್ದರು. ಪೆಟ್ರೋಲ್ ಉಳಿತಾಯವಂತೆ! ಒಂದು ದಿನ ಹಾಗೆ ಜಾರುತ್ತಿರುವಾಗ ಹಿಂದಿನ ಸೀಟಿನಲ್ಲಿದ್ದ ನನಗೆ ಬೆನ್ನ ಹಿಂದಿನಿಂದ ಕೇಳಿಸಿತು. ಮೆತ್ತಗೆ, ಕಳ್ಳನ ಹೆಜ್ಜೆಯ ಹಾಗೆ.

"ರೀ, ಸದ್ದು ಬರ್ತಿದೆ."

"ಹೆರಾಲ್ಡ್‌ನಲ್ಲಾ? ನಿನ್ನ ಬಳೆ ಇರಬೇಕು."

ಬಳೆ ತೆಗೆದು ಕೂತೆ. ಸದ್ದು ಬಂತು. ಅವರ ಮುಖ ಬಿಳಿಚಿತು. ಯಾಕೆಂದರೆ ಇನ್ನು ಹದಿನೈದು ದಿನಕ್ಕೆ ಇಮ್ದಾದ್ ಸಾಹೇಬರ ಮಗಳು ನೂರೈನ್‌ಳ ಮದುವೆ. ಹುಡುಗ ತಿಪಟೂರಿನವನು. "ನಿಮ್ಮ ಮಗಳು ಗಂಡನ ಮನೆಗೆ ಹೆರಾಲ್ಡ್‌ನಲ್ಲೇ ಬರ್ತಾಳೆ. ನಾನೇ ಓಡಿಸ್ಕೊಂಡು ಬರ್ತೀನಿ" ಎಂದು ಇವರು ಕಿಬ್ಬನಹಳ್ಳಿ ಕ್ರಾಸಿನಲ್ಲಿ ಎದೆ ತಟ್ಟಿ ಮಾತು ಕೊಟ್ಟಿದ್ದರು. ಮದುಮಗಳನ್ನು ಕೂರಿಸಿಕೊಂಡು ನಡುದಾರಿಯಲ್ಲಿ ಕಾರು ನಿಂತರೆ? ಇವರ ಮಾನ, ಹೆರಾಲ್ಡಿನ ಮಾನ, ಎರಡೂ ಒಟ್ಟಿಗೇ ಹೋಗುತ್ತಿತ್ತು.

ಮೆಕ್ಯಾನಿಕ್ ಮುಜಾಫರ್ ಬಂದ. ಇಳಿಜಾರಿನಲ್ಲಿ ಓಡಿಸಿದೆವು.

"ಅಕ್ಕಾ, ನಂಗೇನೂ ಕೇಳಿಸ್ತಿಲ್ಲ."

"ಸುತ್ತಿಗೆ ಸದ್ದು ಕೇಳಿ ಕೇಳಿ ನಿನ್ನ ಕಿವಿ ಹೋಗಿದೆ ಕಣಪ್ಪ. ಚಕ್ರದ ಬೇರಿಂಗು. ಬಿಚ್ಚು!"

ಬಿಚ್ಚಿದ. ಬೇರಿಂಗು ಗಟ್ಟಿಯಾಗಿತ್ತು. ಹಾಕಿ ಓಡಿಸಿದರೆ ಸದ್ದು ಹಾಗೇ ಇದೆ!

"ಹಾಗಾದ್ರೆ ಗೇರ್‌ಬಾಕ್ಸು" ಎಂದೆ.

"ಅಕ್ಕಾ, ಗೇರ್‌ಬಾಕ್ಸ್ ಮುಂದಗಡೆ ಇರ್ತದೆ. ಸದ್ದು ಹಿಂದಗಡೆ ಅಂತೀರಾ."

"ಮುಂದೆ ಹುಟ್ಟಿ ಹಿಂದೆ ಕೇಳಿಸ್ತದೆ. ಗುಡುಗು ಎಲ್ಲಿ ಹುಟ್ಟಿ ಎಲ್ಲಿ ಕೇಳಿಸ್ತದೆ, ಹೇಳು ನೋಡೋಣ!"

ಮುಜಾಫರ್ ದಿಕ್ಕು ತೋಚದೆ ಇವರ ಮುಖ ನೋಡಿದ. ಇವರು ಗಂಭೀರವಾಗಿ, "ಅವಳ ಕಿವಿ ಸುಳ್ಳು ಹೇಳಲ್ಲ ಕಣಪ್ಪ, ಬಿಚ್ಚು" ಎಂದರು. ಮದುವೆಯಾಗಿ ಅಷ್ಟು ವರ್ಷದಲ್ಲಿ ಅವರು ನನ್ನ ಮಾತನ್ನು ಎದುರಾಡದೆ ಒಪ್ಪಿದ್ದು ಅದೊಂದೇ ಸಲ. ಆಗಲೇ ನನಗೆ ಅನುಮಾನ ಬರಬೇಕಿತ್ತು!

ಸುದ್ದಿ ತಿಳಿದು ಇಮ್ದಾದ್ ಸಾಹೇಬರು ತಮ್ಮ ಹೆರಾಲ್ಡಿನ ಗೇರ್‌ಬಾಕ್ಸನ್ನೇ ಬಿಚ್ಚಿಸಿ, ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತಂದರು.

"ಸಾಹೇಬ್ರೇ, ನಿಮ್ಮ ಕಾರು?"

"ಅದು ಮನೇಲಿ ಕೂತು ರೆಸ್ಟ್ ತಗೊಳ್ಳಿ ತಂಗೀ. ಮಗಳ ಕಾರು ಓಡ್ಬೇಕು."

ಗೇರ್‌ಬಾಕ್ಸ್ ಕೂತಿತು. ಸದ್ದು ಹೋಗಲಿಲ್ಲ. ನಾನು ಕಣ್ಣು ಮುಚ್ಚಿ, ಕೈಯಲ್ಲಿ ಜಪಸರ ಹಿಡಿದು, ಇನ್ನೊಂದು ಸಲ ಕೇಳಿ ಕೊನೆಯ ತೀರ್ಪು ಕೊಟ್ಟೆ: "ಹಿಂದಿನ ಆಕ್ಸಲ್!" ಈ ಸಲ ತೋಂಟದಾರ್ಯ ಅವರು ತಮ್ಮ ಕಾರನ್ನು ಇಟ್ಟಿಗೆಯ ಮೇಲೆ ನಿಲ್ಲಿಸಿ, ಅದರ ಆಕ್ಸಲ್ಲನ್ನು ಕಾಯಿ ಸಾಗಿಸುವ ಟ್ರಾಕ್ಟರಿನಲ್ಲಿ ಕಳಿಸಿದರು. ಜೊತೆಗೆ ಹೇಳಿಕೆ: "ವಕೀಲನ ಆಕ್ಸಲ್. ಎಷ್ಟು ತಿರುಗಿಸಿದರೂ ಸೋಲಲ್ಲ!"

ಮದುವೆಗೆ ಎರಡು ದಿನ ಇರುವಾಗ ನಮ್ಮ ಅಂಗಳ ನೋಡಬೇಕಿತ್ತು. ಕೊಬ್ಬರಿ ಹರಡುವ ಚಾಪೆಗಳ ಮೇಲೆ ಹೆರಾಲ್ಡಿನ ಕರುಳು, ಮೂಳೆಗಳೆಲ್ಲ ಹರಡಿದ್ದವು. ನಮ್ಮತ್ತೆ ತಿಮ್ಮಕ್ಕ ಕೋಲೂರಿಕೊಂಡು ಬಂದು ನೋಡಿದರು.

"ಏನವ್ವಾ ಇದು, ಕಾರು ಸತ್ತೋಯ್ತಾ?"

"ಇಲ್ಲ ಅತ್ತೆ, ರಿಪೇರಿ."

"ನಿಮ್ಮ ಮಾವ ಇದ್ದಾಗ ಸದ್ದು ಬಂದ್ರೆ ಜೋರಾಗಿ ಹಾರನ್ ಹೊಡ್ಕಂಡು ಹೋಗೋರು ಕಣೇ. ಯಾವ ಸದ್ದೂ ಕೇಳಿಸ್ತಿರ್ಲಿಲ್ಲ."

ನಾನು ನಕ್ಕೆ. ಆದರೆ ಮೂರು ಹೆರಾಲ್ಡುಗಳಲ್ಲಿ ಎರಡು ನನ್ನ ಮಾತಿನಿಂದಲೇ ಮೂಲೆ ಸೇರಿದ್ದವು. ಇದೂ ನಿಂತರೆ ನೂರೈನ್ ಬಸ್ಸಿಗೆ ಕೈ ತೋರಿಸಬೇಕು. ದೇವರ ಮನೆಗೆ ಹೋಗಿ ಶ್ರೀನಿವಾಸನ ಮುಂದೆ ಕೂತೆ. "ಏನಾದರೂ ಹೇಳಪ್ಪ, ಕೇಳಿಸ್ಕೊಳ್ತೀನಿ" ಎಂದೆ. ಅವನು ಸುಮ್ಮನಿದ್ದ. ಈಗ ಅನಿಸುತ್ತದೆ, ಅವನು ಎಷ್ಟು ಸಲ ತಾನೇ ಹೇಳಬೇಕು?

ಮದುವೆಯ ದಿನ ಬೆಳಿಗ್ಗೆ ಕಾರು ಎದ್ದು ನಿಂತಿತು. ಒಂದು ಕಾರಿನ ಮೈ, ಇನ್ನೊಂದರ ಗೇರು, ಮತ್ತೊಂದರ ಆಕ್ಸಲ್ಲು. ಮೂರು ತಾಲ್ಲೂಕು ಸೇರಿ ಒಂದು ಕಾರು! ಓಡಿಸಿ ನೋಡಲು ಹೊತ್ತಿರಲಿಲ್ಲ. ಚಿಕ್ಕನಾಯಕನಹಳ್ಳಿ ತಲುಪುವವರೆಗೆ ಇವರು ಇಂಜಿನ್ ಆಫ್ ಮಾಡಲಿಲ್ಲ, ನಾನು ಉಸಿರು ಬಿಡಲಿಲ್ಲ.

ನಿಕಾಹ್ ಆಯಿತು, ಊಟವಾಯಿತು. ಕಾರಿಗೆ ಮಲ್ಲಿಗೆ ಸರ ಬಿತ್ತು. ಮದುಮಗ ಮುಂದಿನ ಸೀಟಿನಲ್ಲಿ. ಹಿಂದೆ ನೂರೈನ್, ಅವಳ ಸೋದರತ್ತೆ ಕುಬ್ರಾ, ಪಕ್ಕದಲ್ಲಿ ನಾನು. ನೂರೈನ್‌ಳ ಟ್ರಂಕು, ಸೂಟ್‌ಕೇಸು ತುಂಬಲು ಡಿಕ್ಕಿ ಖಾಲಿ ಮಾಡಿದರು. ಗೋಣಿಚೀಲಕ್ಕೆ ಜಾಗವಿಲ್ಲ.

"ಇವತ್ತೊಂದಿನ ಬಿಟ್ಟು ಹೋಗಿ ಮೇಷ್ಟ್ರೇ" ಎಂದರು ಇಮ್ದಾದ್ ಸಾಹೇಬರು.

"ಇವತ್ತೇ ಬಿಟ್ಟು ಹೋಗೋದಾ?" ಎಂದು ಗದರಿಸಿದ ನಮ್ಮವರು, ಚೀಲವನ್ನು ಮಗುವಿನ ಹಾಗೆ ಎತ್ತಿ ತಂದು ನನ್ನ ಮಡಿಲಲ್ಲಿಟ್ಟರು. "ಜೋಪಾನ!"

ಕಾರು ಹೊರಟಿತು. ನೂರೈನ್ ಅಳುತ್ತಿದ್ದಳು, ಕುಬ್ರಾ ಸಮಾಧಾನ ಮಾಡುತ್ತಿದ್ದರು. ಮೊದಲ ಇಳಿಜಾರು ಬಂತು. ಇವರು ಧೈರ್ಯ ಮಾಡಿ ಇಂಜಿನ್ ಆಫ್ ಮಾಡಿದರು. ನಾನು ಕಿವಿಗೊಟ್ಟೆ.

ಲೊಟಲೊಟ.

ಬೆನ್ನ ಹಿಂದೆ ಅಲ್ಲ. ನನ್ನ ಮಡಿಲಲ್ಲಿ!

ಚೀಲದೊಳಗೆ ಕೈ ತೂರಿಸಿದೆ. ಬೆಲ್ಟು, ಪೈಪು, ಅದರ ಕೆಳಗೆ ನಾರಿನ ಸಿಪ್ಪೆ! ನೆನಪು ಸಿಡಿಲಿನ ಹಾಗೆ ಎರಗಿತು. ಹಿಂದಿನ ವರ್ಷ ಕೈ ಮುಗಿದಾಗ, 'ಕಾರು ಓಡಿಸಪ್ಪ, ಈ ಕಾಯಿ ನಿನಗೇ ತಂದು ಕೊಡ್ತೀನಿ' ಎಂದು ಹರಕೆ ಹೊತ್ತವಳು ನಾನೇ. ಹರಕೆ ಎಂದರೆ ಇವರು ನಗುತ್ತಾರೆಂದು ಕದ್ದು ಚೀಲದ ತಳಕ್ಕೆ ಸೇರಿಸಿದವಳೂ ನಾನೇ. ಯಾಕೆ ಚೀಲಕ್ಕೆ? ಡಿಕ್ಕಿಯಲ್ಲಿ ಉರುಳಾಡಿ ಸದ್ದು ಮಾಡದಿರಲಿ ಎಂದು! ಆಮೇಲೆ ಮರೆತವಳಂತೂ ನಾನಲ್ಲದೆ ಮತ್ತ್ಯಾರು? ಡಿಕ್ಕಿಯ ಧಗೆಯಲ್ಲಿ ಅದು ಪಕ್ಕಾ ಕೊಬ್ಬರಿಯಾಗಿತ್ತು. ಶ್ರೀನಿವಾಸ ಅಷ್ಟು ದಿನದಿಂದ ಕೂಗುತ್ತಿದ್ದ. ನಾನು ಮೆಕ್ಯಾನಿಕ್ಕಿಗೆ ಹೇಳಿಕಳಿಸುತ್ತಿದ್ದೆ!

ಚೀಲವನ್ನು ಎದೆಗೆ ಗಟ್ಟಿಯಾಗಿ ಅಪ್ಪಿಕೊಂಡೆ. ಸದ್ದು ನಿಂತಿತು.

"ಕೇಳಿದ್ಯಾ? ಸದ್ದು ಹೋಯ್ತು!" ಇವರು ಸ್ಟೇರಿಂಗ್ ತಟ್ಟಿದರು. "ಆಕ್ಸಲ್ಲೇ ಕಣೇ! ನಿನ್ನ ಕಿವಿಗೆ ಚಿನ್ನದ ಓಲೆ ಮಾಡಿಸ್ಬೇಕು!"

ಚಿನ್ನದ ಓಲೆ! ಕಿಬ್ಬನಹಳ್ಳಿ ಕ್ರಾಸ್ ಬರುವವರೆಗೆ ನಾನು ಆ ಓಲೆ ಹಾಕಿಕೊಂಡೇ ಕೂತಿದ್ದೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಷ್ಟರಲ್ಲಿ ನೂರೈನ್ ಅಳು ನಿಲ್ಲಿಸಿ ನನ್ನನ್ನೇ ನೋಡಿದಳು.

"ಗಂಗಾ ಚಾಚೀ, ನಾನು ಅಳ್ತಿದ್ರೆ ನೀವ್ಯಾಕೆ ಗೋಣಿಚೀಲ ತಬ್ಕೊಂಡಿದ್ದೀರಾ?"

ಅಷ್ಟು ಹೊತ್ತಿಗೆ ಕ್ರಾಸಿನ ಹಂಪು ಬಂತು. ಕಾರು ಎಗರಿತು, ಚೀಲ ಎಗರಿತು, ಕಾಯಿ ಹೊರಬಿದ್ದು ಮುಂದಿನ ಸೀಟುಗಳ ನಡುವೆ ಉರುಳಿ, ಗೇರಿನ ಪಕ್ಕ ಲೊಟಕ್ಕನೆ ನಿಂತಿತು. ಇವರು ಕಾರು ನಿಲ್ಲಿಸಿದರು. ಕಾಯಿ ಎತ್ತಿಕೊಂಡರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಂದು ಸಲ. ಇನ್ನೊಂದು ಸಲ. ಆಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿದರು.

ಬೇರೆ ದಾರಿಯಿರಲಿಲ್ಲ. ಹರಕೆಯ ಕಥೆಯೆಲ್ಲ ಒಪ್ಪಿಸಿದೆ. ಮೊದಲು ನಕ್ಕವಳು ನೂರೈನ್. ತವರು ಬಿಟ್ಟು ಹೋಗುತ್ತಿರುವ ಮದುಮಗಳು ಹೊಟ್ಟೆ ಹಿಡಿದುಕೊಂಡು ನಗುವುದನ್ನು ಕಂಡು ಅವಳ ಗಂಡನೂ ನಕ್ಕ, ಕುಬ್ರಾನೂ ನಕ್ಕರು. ಇವರು ಮಾತ್ರ ನಗಲಿಲ್ಲ. ಆದರೆ ಅವಳನ್ನು ಗಂಡನ ಮನೆಯ ಬಾಗಿಲಿಗೆ ಹೆರಾಲ್ಡಿನಲ್ಲೇ, ಹಾರನ್ ಹೊಡೆಯುತ್ತಲೇ ಮುಟ್ಟಿಸಿದರು. ಕೊಟ್ಟ ಮಾತು ಉಳಿಯಿತು.

ಮರುದಿನವೇ ಸಂಪಿಗೆಗೆ ಹೋಗಿ ಶ್ರೀನಿವಾಸನ ಮುಂದೆ ಆ ಕಾಯಿಟ್ಟು, ಗಲ್ಲ ಬಡಿದುಕೊಂಡು ಬಂದೆ. ವಾಪಸ್ ಬರುವಾಗ ಕಾರು ಮೌನ ವ್ರತ ಹಿಡಿದಿತ್ತು. ಇವರೂ ಹಿಡಿದಿದ್ದರು.

ಗೇರ್‌ಬಾಕ್ಸು, ಆಕ್ಸಲ್ಲು ಅವರವರ ಊರಿಗೆ ಹೋಗಿ, ಮೂರು ಹೆರಾಲ್ಡುಗಳೂ ಮತ್ತೆ ಕ್ರಾಸಿನಲ್ಲಿ ಸಾಷ್ಟಾಂಗ ಹಾಕತೊಡಗಿದವು. ಎಲ್ಲ ಮರೆತಿದ್ದಾರೆ ಎಂದುಕೊಂಡಿದ್ದೆ. ಒಂದು ಸಂಜೆ ನಿಂಗಮ್ಮ ಸೆರಗಿನಲ್ಲಿ ಕಾಯಿ ಇಟ್ಟುಕೊಂಡು ಬಂದಳು.

"ಗಂಗಕ್ಕಾ, ನಾಳೆ ಅಟ್ಟ ಇಳಿಸ್ತೀವಿ. ಸ್ವಲ್ಪ ಕೇಳಿ ಹೇಳವ್ವ."

ನಾನು ಕೈ ಚಾಚಿದೆ. ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಇವರು ತಲೆಯೆತ್ತದೆ ಹೇಳಿದರು:

"ನಿಂಗಮ್ಮಾ, ಅವಳ ಕೈಗೆ ಕೊಡಬೇಡ ಕಣವ್ವಾ. ಆಕ್ಸಲ್ ಹೋಗಿದೆ ಅಂತಾಳೆ!"